ಸ್ಟೋಕರ್ಸ್ ತಂಡದ ಮೊದಲ ಆಯ್ಕೆಯೂ ನನ್ನ ಮದುವೆಯ ಕುಕಿ ಮೇಜೂ

ಮಾನ್ಯರೇ,

ಸ್ಟೋಕರ್ಸ್ ಅಮೆರಿಕನ್ ಫುಟ್‌ಬಾಲ್ ತಂಡದ ಜನರಲ್ ಮ್ಯಾನೇಜರ್ ಆದ ಶ್ರೀಯುತ ಥರ್ಸ್ಟನ್ ವೆಲ್ಡ್ ಅವರ ಸನ್ನಿಧಿಗೆ, ಪೋರ್ಟ್ ಹಾರ್ಲನ್ ಊರಿನ ಹಡಗುಕಟ್ಟೆ ಬೀದಿಯಿಂದ, ಮೊನ್ನೆ ಶನಿವಾರವಷ್ಟೇ ಮದುವೆಯಾದ ಮಾರ್ಲಾ ಹ್ರುಷ್ಕಾ ಎಂಬುವಳು ಮಾಡುವ ಅನಂತ ನಮಸ್ಕಾರಗಳು. ತಾವು ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ಗುರುವಾರ ಸಂಜೆ ಟಿ.ವಿ.ಯಲ್ಲಿ ತಮ್ಮ ಮುಖ ನೋಡಿದ ಮೇಲಂತೂ, ಅಷ್ಟು ನೆಮ್ಮದಿಯಾಗಿರುವ ಮನುಷ್ಯ ನಮ್ಮ ಊರಿನಲ್ಲಿ ಇನ್ನೊಬ್ಬನಿಲ್ಲ ಎಂಬುದು ನನಗೆ ಖಾತ್ರಿಯಾಗಿದೆ. ನಾಲ್ಕು ಜನರ ಮುಂದೆ ಬಾಯಿಬಿಡುವುದು ನನ್ನಿಂದಾಗದ ಕೆಲಸ. ಕಾಗದ ನನ್ನ ಮುಖವನ್ನೇ ದಿಟ್ಟಿಸಿ ನೋಡುವುದಿಲ್ಲವಾದ್ದರಿಂದ ಹೇಳಬೇಕಾದ್ದನ್ನು ಇದರ ಮೇಲೆ ಹೇಳುತ್ತಿದ್ದೇನೆ. ಊರಿನವರೆಲ್ಲ ಓದಲಿ ಎಂದು ಪತ್ರಿಕೆಗೂ ಒಂದು ಪ್ರತಿ ಕಳಿಸಿದ್ದೇನೆ, ತಪ್ಪು ತಿಳಿಯಬಾರದು.

ಮೊದಲಿಗೆ ಕೃತಜ್ಞತೆ ಸಲ್ಲಿಸಬೇಕಾದ್ದು ನನ್ನ ಧರ್ಮ. ಕಾಲೇಜು ಮುಗಿಸಿ ಬರುವ ಹುಡುಗರಲ್ಲಿ ಬೇಕಾದವನನ್ನು ಎಲ್ಲರಿಗಿಂತ ಮುಂಚೆ ಆರಿಸಿಕೊಳ್ಳುವ ಹಕ್ಕು, ಹಿಂದಿನ ವರ್ಷ ಎಲ್ಲರಿಗಿಂತ ಕೆಟ್ಟದಾಗಿ ಆಡಿದ ತಂಡಕ್ಕೆ ಸಿಗುತ್ತದೆ. ಆ ಹಕ್ಕನ್ನು ತಾವು ನಮಗೆ ಗೆದ್ದುಕೊಟ್ಟಿರಿ. ಒಂದೇ ಒಂದು ಪಂದ್ಯ ಬಿಟ್ಟು ಮಿಕ್ಕೆಲ್ಲವನ್ನೂ, ಒಂದನ್ನು ಸೋತ ಹಾಗೆ ಇನ್ನೊಂದನ್ನು ಸೋಲದೆ, ಬಗೆಬಗೆಯಾಗಿ ಸೋಲುವುದು ಸುಲಭದ ಕೆಲಸವೇ? ಆ ಒಂದು ಪಂದ್ಯವನ್ನು ಕೈತಪ್ಪಿ ಗೆದ್ದ ದಿನ ನಮ್ಮ ಬೀದಿಯವರು ತಮ್ಮನ್ನು ಬೈದದ್ದು ನಿಜ. ಅದಕ್ಕೆ ಅವರೆಲ್ಲರ ಪರವಾಗಿ ಕ್ಷಮೆ ಕೇಳುತ್ತೇನೆ.

ಹೀಗೆ ಹಕ್ಕು ಕೈಗೆ ಬಂದ ಮೇಲೆ ಉಳಿದದ್ದು ಒಂದೇ ಪ್ರಶ್ನೆ. ನಮಗೆ ಕ್ವಾರ್ಟರ್‌ಬ್ಯಾಕ್ ಬೇಕು, ಅಂದರೆ ಆಟ ನಡೆಸಿ ಚೆಂಡು ಎಸೆಯುವವನು ಬೇಕು, ಎಂಬುದರಲ್ಲಿ ಊರಿನಲ್ಲಿ ಎರಡು ಮಾತಿರಲಿಲ್ಲ. ಯಾರು ಎಂಬುದರಲ್ಲಿ ಮಾತ್ರ ಎರಡು ಮಾತಿದ್ದವು. ಟೆಕ್ಸಸ್‌ನ ಬ್ರಾಕ್ಸ್ಟನ್ ಹೇಲ್ ದೀಪದ ಕಂಬದ ಹಾಗೆ ಬೆಳೆದ ಹುಡುಗ, ಮೈದಾನದ ಈ ತುದಿಯಲ್ಲಿ ನಿಂತು ಆ ತುದಿಗೆ ಎಸೆಯಬಲ್ಲ, ಹಾಗೆ ಎಸೆದದ್ದನ್ನು ಆಗಾಗ ಎದುರಾಳಿಗಳು ಹಿಡಿಯುತ್ತಾರೆ. ಟೈರೀ ಓಕ್ಸ್ ಯಾರೂ ಹೆಸರು ಕೇಳಿರದ ಕಾಲೇಜಿನಿಂದ ಬಂದ ಗಿಡ್ಡ ಹುಡುಗ, ಎಸೆತ ದೂರ ಹೋಗುವುದಿಲ್ಲ, ಆದರೆ ಹೋಗಬೇಕಾದವರ ಕೈಗೇ ಹೋಗುತ್ತದೆ. ನನ್ನನ್ನು ಸಾಕಿ ಬೆಳೆಸಿದ ಇರ್ಮಾ ದೊಡ್ಡಮ್ಮ ಗಿಡ್ಡನ ಕಡೆ. ನಾನು ಮದುವೆಯಾಗಲಿದ್ದ ಕಾರ್ಮೈನ್‌ನ ತಾಯಿ ರೋಸಾಲ್ಬಾ ಉದ್ದದವನ ಕಡೆ. ನನ್ನ ಕಷ್ಟ ತಮಗೆ ಇಷ್ಟರಲ್ಲೇ ಅರ್ಥವಾಗಿರಬೇಕು.

ನಮ್ಮ ಊರಿನ ಮದುವೆಯಲ್ಲಿ ಕೇಕ್ ಹೇಗಿತ್ತು, ಹುಡುಗಿಯ ಉಡುಪು ಹೇಗಿತ್ತು ಎಂದು ಯಾರೂ ಕೇಳುವುದಿಲ್ಲ, ಕುಕಿ ಮೇಜು ಹೇಗಿತ್ತು ಎಂದು ಕೇಳುತ್ತಾರೆ. ಎರಡೂ ಮನೆಯ ಹೆಂಗಸರು ಬಿಸ್ಕತ್ತಿನಂಥ ಈ ಕುಕಿಗಳನ್ನು ವಾರಗಟ್ಟಲೆ ಬೇಯಿಸಿ, ಫ್ರೀಜರಿನಲ್ಲಿಟ್ಟು, ಮದುವೆಯ ದಿನ ಗೋಡೆಯ ಉದ್ದಕ್ಕೂ ಮೇಜು ಹಾಕಿ ಹರಡುತ್ತಾರೆ. ಮೇಜಿನ ಅರ್ಧ ಖಾಲಿಯಿದ್ದರೆ ಆ ಕಡೆಯವರಿಗೆ ಈ ಸಂಬಂಧ ಒಪ್ಪಿಗೆಯಿಲ್ಲ ಎಂದು ಊರಿಗೇ ಗೊತ್ತಾಗುತ್ತದೆ. ಹಾಗೆ ಬಂದ ಸೊಸೆಯನ್ನು ಮೂವತ್ತು ವರ್ಷದ ಮೇಲೂ "ಅರ್ಧ ಮೇಜಿನವಳು" ಎನ್ನುತ್ತಾರೆ. ನಮ್ಮ ಬೀದಿಯಲ್ಲಿ ಒಬ್ಬರಿದ್ದಾರೆ, ಹೆಸರು ಬೇಡ.

ದಿನವನ್ನು ನಾವು ಬೇಕೆಂದು ಆರಿಸಿಕೊಂಡದ್ದಲ್ಲ. ಕಾರ್ಮೈನ್ ಅದಿರು ಸಾಗಿಸುವ ಹಡಗಿನಲ್ಲಿ ಕೆಲಸ ಮಾಡುತ್ತಾನೆ. ದುರಸ್ತಿ ಮುಗಿಸಿ ಹಡಗು ಸರೋವರಕ್ಕೆ ಇಳಿದರೆ ಮತ್ತೆ ನೀರು ಹೆಪ್ಪುಗಟ್ಟುವವರೆಗೆ ಅವನು ಮನೆಯವನಲ್ಲ. ಅಷ್ಟರೊಳಗೆ ಚರ್ಚಿನ ಹಾಲ್ ಖಾಲಿ ಇದ್ದದ್ದು ಒಂದೇ ಶನಿವಾರ, ತಾವು ಆಟಗಾರರನ್ನು ಆರಿಸುವ ವಾರದ ಶನಿವಾರ. ಆ ವಾರ ನಮ್ಮೂರಿನಲ್ಲಿ ಬುದ್ಧಿಯಿದ್ದವರು ಮದುವೆ ಇಟ್ಟುಕೊಳ್ಳುವುದಿಲ್ಲ.

ಜಗಳ ಶುರುವಾದದ್ದು ಈಸ್ಟರಿಗೆ ಮುಂಚಿನ ತಪಸ್ಸುಕಾಲದಲ್ಲಿ, ಮಾಂಸ ಬಿಡುವ ಶುಕ್ರವಾರಗಳಂದು, ಚರ್ಚಿನ ನೆಲಮಾಳಿಗೆಯಲ್ಲಿ ಊರಿಗೆಲ್ಲ ಮೀನು ಕರಿಯುವಾಗ. ರೋಸಾಲ್ಬಾ ಮೀನನ್ನು ಹಿಟ್ಟಿನಲ್ಲಿ ಹೊರಳಿಸಿ ಕೊಡುವವರು, ದೊಡ್ಡಮ್ಮ ಅದನ್ನು ಎಣ್ಣೆಗೆ ಬಿಡುವವರು. ತಮ್ಮಂಥವರು ಹುಡುಗರನ್ನು ಸಾಲಾಗಿ ನಿಲ್ಲಿಸಿ ಅವರ ಅಂಗೈ ಅಳೆಯುತ್ತೀರಂತೆ. ಗಿಡ್ಡನ ಅಂಗೈ ಚಿಕ್ಕದು ಎಂಬ ಸುದ್ದಿ ಆ ವಾರವೇ ಬಂದಿತ್ತು.

"ಅಷ್ಟು ಪುಟ್ಟ ಕೈಲಿ ಚೆಂಡು ಹ್ಯಾಗೆ ಹಿಡೀತಾನೆ ಇರ್ಮಾ? ನನ್ನ ಮೊಮ್ಮಗೂನ ಕೈಯೇ ದೊಡ್ಡದಿದೆ," ಎಂದರು ರೋಸಾಲ್ಬಾ.

"ನಿನ್ನ ಗಂಡನ ಕೈ ಮೊರದಗಲ ಇದೆಯಲ್ಲ ತಾಯಿ, ಉಪ್ಪಿನಕಾಯಿ ಬಾಟ್ಲಿ ಮುಚ್ಚಳ ಇವತ್ತಿಗೂ ನೀನೇ ತಾನೇ ತೆಗೆಯೋದು?" ಎಂದರು ದೊಡ್ಡಮ್ಮ, ಎಣ್ಣೆಯಿಂದ ಕಣ್ಣೆತ್ತದೆ.

ನೆಲಮಾಳಿಗೆಯೆಲ್ಲ ನಕ್ಕಿತು. ರೋಸಾಲ್ಬಾ ನಗಲಿಲ್ಲ. ಮುಂದಿನ ಶುಕ್ರವಾರ ಫಾದರ್ ಆನ್ಸೆಲ್ಮ್ ಬಂದು, ಉಪವಾಸದ ದಿನಗಳಲ್ಲಿ ಚರ್ಚಿನೊಳಗೆ ಯಾವ ಕ್ವಾರ್ಟರ್‌ಬ್ಯಾಕ್‌ನ ಹೆಸರನ್ನೂ ಎತ್ತಕೂಡದು ಎಂದು ಅಪ್ಪಣೆ ಮಾಡಿದರು. ಹೆಸರು ಎತ್ತಲಿಲ್ಲ. ಉದ್ದನೆಯ ಮೀನಿನ ತುಂಡು ಬಂದರೆ ದೊಡ್ಡಮ್ಮ ಅದನ್ನು ಸೀದುಹೋಗುವವರೆಗೆ ಎಣ್ಣೆಯಲ್ಲೇ ಬಿಡುತ್ತಿದ್ದರು. ಗಿಡ್ಡ ತುಂಡು ಬಂದರೆ ರೋಸಾಲ್ಬಾ ಅದನ್ನು ಬೆಕ್ಕಿಗೆಂದು ಪಕ್ಕಕ್ಕೆ ಎಸೆಯುತ್ತಿದ್ದರು.

ಈಸ್ಟರ್ ಕಳೆಯುವಷ್ಟರಲ್ಲಿ ರೋಸಾಲ್ಬಾ ದಿನಾ ಬೆಳಿಗ್ಗೆ ರೇಡಿಯೋದವರಿಗೆ ಫೋನ್ ಮಾಡಿ "ನಾನು ಬಂದರಿನ ರೋಸಿ" ಎಂದು ಉದ್ದದವನ ಗುಣಗಾನ ಮಾಡತೊಡಗಿದ್ದರು. ನಮ್ಮ ಮನೆಯ ಅಂಗಳದಲ್ಲಿ ಗಿಡ್ಡನ ಹೆಸರಿನ ಹಲಗೆ ಎದ್ದಿತ್ತು. ದೊಡ್ಡಪ್ಪ ಲುಡ್ವಿಕ್ ಒಮ್ಮೆ "ಇಬ್ಬರೂ ಒಳ್ಳೆಯ ಹುಡುಗರೇ" ಎಂದದ್ದಕ್ಕೆ ದೊಡ್ಡಮ್ಮ ಅವರಿಗೆ ಎರಡು ದಿನ ತಣ್ಣನೆಯ ಎಲೆಕೋಸು ಬಡಿಸಿದರು. ಇಷ್ಟರ ಮೇಲೆ, ತಮ್ಮ ಹುಡುಗನೇ ಬರುತ್ತಾನೆಂಬ ಧೈರ್ಯದಲ್ಲಿ, ಇಬ್ಬರೂ ಒಬ್ಬರಿಗೊಬ್ಬರು ಗೊತ್ತಾಗದಂತೆ ಒಂದೇ ಕೆಲಸ ಮಾಡಿದ್ದರು. ನನ್ನ ಮದುವೆಗೆಂದು ಬೇಯಿಸಿದ ಕುಕಿಗಳ ಮೇಲೆಲ್ಲ ಸಕ್ಕರೆ ಪಾಕದಲ್ಲಿ, ಒಬ್ಬರು ಉದ್ದದವನ ಅಂಗಿಯ ನಂಬರನ್ನು, ಇನ್ನೊಬ್ಬರು ಗಿಡ್ಡನ ಅಂಗಿಯ ನಂಬರನ್ನು ಬರೆದು ಫ್ರೀಜರಿನಲ್ಲಿಟ್ಟಿದ್ದರು. ವಿಷಯ ಹೊರಬಿದ್ದಾಗ, ಬೇರೆಯವರ ಹುಡುಗ ಬಂದರೆ ತಮ್ಮ ಕುಕಿ ಮೇಜಿಗೆ ಬರುವುದಿಲ್ಲ ಎಂದು ಇಬ್ಬರೂ ಘೋಷಿಸಿದರು. ಯಾರು ಬಂದರೂ ನನಗೆ ಅರ್ಧ ಮೇಜು ಕಟ್ಟಿಟ್ಟದ್ದೇ ಆಯಿತು. ಹುಡುಗರಿಬ್ಬರನ್ನೂ ಆರಿಸಿ, ಬೇಕಾದರೆ ಒಬ್ಬನ ಹೆಗಲ ಮೇಲೆ ಇನ್ನೊಬ್ಬನನ್ನು ಕೂರಿಸಿ ಆಡಿಸಿ ಎಂದು ತಮಗೆ ಬರೆಯೋಣವೆಂದುಕೊಂಡೆ, ನಾಚಿಕೆಯಾಗಿ ಸುಮ್ಮನಾದೆ. ಬರೆಯಬೇಕಿತ್ತು.

ಗುರುವಾರ ಸಂಜೆ ಎರಡೂ ಮನೆಯವರು ಚರ್ಚಿನ ಹಾಲಿನಲ್ಲಿ ಟಿ.ವಿ.ಯ ಆಚೆಗೊಬ್ಬರು ಈಚೆಗೊಬ್ಬರು ಕೂತಿದ್ದಾಗ, ತಾವು ನಗುನಗುತ್ತಾ ತಮ್ಮ ಮೊದಲ ಆಯ್ಕೆಯನ್ನು ಪ್ರಕಟಿಸಿದಿರಿ. ಉದ್ದದವನೂ ಅಲ್ಲ, ಗಿಡ್ಡನೂ ಅಲ್ಲ, ಎಸೆಯುವವನೇ ಅಲ್ಲ. ಆಸ್ಟ್ರೇಲಿಯಾದಿಂದ ಬಂದ ಪಂಟರ್, ಅಂದರೆ ನಮ್ಮವರ ಕೈಯಲ್ಲಿ ಇನ್ನೇನೂ ಆಗುವುದಿಲ್ಲ ಎಂದಾದಾಗ ಬಂದು, ಚೆಂಡನ್ನು ದೂರ ಒದ್ದು ಎದುರಾಳಿಗಳಿಗೆ ಒಪ್ಪಿಸಿ ಹೋಗುವವನು.

ಮಾನ್ಯರೇ, ಈ ದೂರದೃಷ್ಟಿಯನ್ನು ಎಷ್ಟು ಹೊಗಳಿದರೂ ಸಾಲದು. ಬೇರೆ ತಂಡಗಳವರು ಗೆಲ್ಲಲು ಬೇಕಾದವನನ್ನು ಹುಡುಕುತ್ತಾರೆ, ಗೆಲ್ಲದಿದ್ದರೆ ಅವರ ದುಡ್ಡು ದಂಡ. ತಾವಾದರೋ ಸೋಲುವಾಗ ಬೇಕಾದವನನ್ನೇ ಮೊದಲು ಆರಿಸಿ, ಅವನಿಗೆ ವರ್ಷವಿಡೀ ಕೈತುಂಬ ಕೆಲಸವಿರುವಂತೆ ನೋಡಿಕೊಂಡಿದ್ದೀರಿ. ಮೈದಾನದಲ್ಲಿ ಅವನಿಗಿಂತ ಹೆಚ್ಚು ಬೆವರುವವರು ನಮ್ಮ ತಂಡದಲ್ಲಿ ಇರಲಾರರು.

ದೊಡ್ಡಮ್ಮ, ರೋಸಾಲ್ಬಾ ಇಬ್ಬರದೂ ಸೋಲಾದ ಮೇಲೆ ಇಬ್ಬರೂ ಒಟ್ಟಾಗಿ ಮಾನ್ಯರಾದ ತಮ್ಮನ್ನು ಬೈದು, ಒಬ್ಬರ ಕಣ್ಣೀರು ಇನ್ನೊಬ್ಬರು ಒರೆಸಿ, ನನ್ನ ಮದುವೆ ಸುಸೂತ್ರವಾಗುತ್ತದೆ ಎಂದು ನನಗೆ ಅರೆಕ್ಷಣ ಆಸೆಯಾಯಿತು. ತಮಗೂ ಅಂಥದೇ ಲೆಕ್ಕಾಚಾರ ಇದ್ದಿದ್ದರೆ, ತಮಗೆ ಬೀಗರ ಪರಿಚಯವಿಲ್ಲ.

"ದಿನಾ ಬೆಳಗಾದ್ರೆ ರೇಡಿಯೋಲಿ ಕಿರುಚಿ ಕಿರುಚಿ ಆ ಮನುಷ್ಯನ ತಲೆ ಕೆಡಿಸಿದ್ದು ನೀನೇ," ಎಂದರು ದೊಡ್ಡಮ್ಮ.

"ಅಂಗಳದಲ್ಲಿ ಹಲಗೆ ನೆಟ್ಟೋರು ಯಾರು? ನಿಮ್ಮ ಗಿಡ್ಡನ ಹೆಸರು ನೋಡೀ ನೋಡೀ ಅವನಿಗೆ ಕ್ವಾರ್ಟರ್‌ಬ್ಯಾಕ್ ಅಂದ್ರೇ ವಾಕರಿಕೆ ಬಂದಿರ್ಬೇಕು," ಎಂದರು ರೋಸಾಲ್ಬಾ.

"ಇನ್ನು ಆ ನಂಬರಿನ ಕುಕಿ ಇಟ್ಕೊಂಡು ನಾನು ಊರೋರ ಕೈಲಿ ನಗಿಸ್ಕೊಳ್ಳಲ್ಲ. ನನ್ನದು ಫ್ರೀಜರಲ್ಲೇ ಇರ್ಲಿ."

"ನನ್ನದೂ ಅಲ್ಲೇ ಇರುತ್ತೆ."

ಅರ್ಧ ಮೇಜಿಗೆ ಹೆದರಿದ್ದವಳಿಗೆ ತಾವು ಪೂರ್ತಿ ಖಾಲಿ ಮೇಜು ದಯಪಾಲಿಸಿದಿರಿ. ಅರ್ಧ ಮೇಜಿನವಳಿಗಾದರೂ ಊರಿನಲ್ಲಿ ಒಂದು ಹೆಸರಿದೆ. ಖಾಲಿ ಮೇಜಿನವಳಿಗೆ ಏನೆನ್ನಬೇಕೆಂದು ಯಾರಿಗೂ ಗೊತ್ತಿರಲಿಲ್ಲ, ಯಾಕೆಂದರೆ ಅಂಥವಳು ಇದುವರೆಗೆ ಯಾರೂ ಇರಲಿಲ್ಲ.

ಶುಕ್ರವಾರ ಮದುವೆಯ ತಾಲೀಮು ಮುಗಿಸಿ ಎಲ್ಲರೂ ಹಾಲಿಗೆ ಬಂದೆವು. ಗೋಡೆಯ ಉದ್ದಕ್ಕೂ ಬಿಳಿ ಬಟ್ಟೆ ಹಾಸಿದ ಮೇಜು, ಅದರ ಮೇಲೆ ಏನೇನೂ ಇಲ್ಲ. ಕಾರ್ಮೈನ್ ಅದನ್ನು ನೋಡಿ, "ಹೋಗ್ಲಿ ಬಿಡು ಮಾರ್ಲಾ, ಅಂಗಡಿಯಿಂದ ತಂದಿಟ್ಟರಾಯ್ತು," ಎಂದ. ಅಂಗಡಿ ಕುಕಿ ಎಂಬ ಮಾತು ಕೇಳಿ ಎರಡೂ ಮನೆಯ ಹೆಂಗಸರು ಅವನ ಕಡೆ ತಿರುಗಿದ ರೀತಿ ನೋಡಿ, ಪಾಪ, ಅವನು ಆ ರಾತ್ರಿಯೇ ಹಡಗು ಹತ್ತಲು ಸಿದ್ಧನಿದ್ದ. ಆದರೂ ಯಾರೂ ಕದಲಲಿಲ್ಲ. ದೊಡ್ಡಮ್ಮ ಆ ಗೋಡೆ ನೋಡುತ್ತಿದ್ದರು, ರೋಸಾಲ್ಬಾ ಈ ಗೋಡೆ.

ನಾನು ಏನು ಮಾಡಿದೆನೆಂಬುದು ಈಗಲೂ ನನಗೆ ಪೂರ್ತಿ ನಂಬಿಕೆಯಾಗುವುದಿಲ್ಲ. ರೋಸಾಲ್ಬಾ ಅವರ ಮುಂದೆ ಹೋಗಿ ನಿಂತೆ.

"ಆ ಹುಡುಗರಲ್ಲಿ ಒಬ್ಬನೂ ನಮ್ಮೂರಿಗೆ ಬರ್ತಿಲ್ಲ," ಎಂದೆ. "ನಿಮ್ಮನೆಗೆ ಬರ್ತಿರೋಳು ನಾನು. ಕಾರ್ಮೈನ್ ಹಡಗಲ್ಲಿರ್ತಾನೆ. ಚಳಿಗಾಲದವರೆಗೂ ಆ ಅಡುಗೆಮನೇಲಿ ನೀವು ಮತ್ತೆ ನಾನು, ಇಬ್ರೇ. ನನ್ನನ್ನ ಆರಿಸ್ಕೊಳ್ತೀರೋ ಇಲ್ವೋ, ಅದನ್ನ ಹೇಳಿ."

ದೊಡ್ಡಮ್ಮ ಬಾಯಿ ತೆರೆದರು, ದೊಡ್ಡಪ್ಪ ಅವರ ತೋಳು ಹಿಡಿದರು. ಹಾಗೆ ಹಿಡಿದದ್ದು ಅವರ ಸಂಸಾರದಲ್ಲೇ ಮೊದಲಿರಬೇಕು. ರೋಸಾಲ್ಬಾ ನನ್ನನ್ನು ಮೇಲಿನಿಂದ ಕೆಳಗಿನವರೆಗೆ, ತಾವು ಆ ಹುಡುಗರನ್ನು ನೋಡುತ್ತೀರಲ್ಲ ಹಾಗೆ, ನೋಡಿದರು. ಆಮೇಲೆ ನನ್ನ ತಲೆಯ ಮೇಲಿಂದ ದೊಡ್ಡಮ್ಮನ ಕಡೆ ನೋಡಿ ಕೇಳಿದರು, "ಸಣ್ಣ ಚಾಕು ಎಷ್ಟಿವೆ ಇರ್ಮಾ ನಿಮ್ಮನೇಲಿ?"

ಶನಿವಾರ ಬೆಳಿಗ್ಗೆ ಮದುಮಗಳಿಗೆ ಅಲಂಕಾರ ಮಾಡಬೇಕಾದವರೆಲ್ಲ ನೆಲಮಾಳಿಗೆಯಲ್ಲಿ ಕೂತು, ಹೆಪ್ಪುಗಟ್ಟಿದ ಕುಕಿಗಳ ಮೇಲಿನ ನಂಬರು ಕೆರೆಯುತ್ತಿದ್ದರು. ನನ್ನ ಜಡೆಯನ್ನು ನಾನೇ ಹೆಣೆದುಕೊಂಡೆ. ಕೆಳಗಿನಿಂದ ಮಾತು ಕೇಳುತ್ತಿತ್ತು.

"ಇದೇನು ಸಕ್ಕರೆ ಪಾಕವೋ ಸಿಮೆಂಟೋ ರೋಸಾಲ್ಬಾ? ಚಾಕು ಮುರೀತಾ ಇದೆ."

"ನಿನ್ನದು ಉಗುರಲ್ಲೇ ಕಿತ್ತು ಬರ್ತಿದೆಯಲ್ಲ, ಅದಕ್ಕೇನಂತೀಯಾ? ಬೆಣ್ಣೆ ಕಮ್ಮಿ ಹಾಕಿದ್ದೀಯ."

"ತಿಂದು ನೋಡಿ ಹೇಳು."

ರೋಸಾಲ್ಬಾ ತುಂಬಿದ ಬಾಯಲ್ಲೇ, "ಕಮ್ಮೀನೇ," ಎಂದರು. ಆಮೇಲೆ ಇನ್ನೊಂದು ಎತ್ತಿಕೊಂಡರೆಂದು ದೊಡ್ಡಪ್ಪ ನನಗೆ ಹೇಳಿದರು.

ಮೇಜು ತುಂಬಿತು, ಮಾನ್ಯರೇ. ಈ ತುದಿಯಿಂದ ಆ ತುದಿಯವರೆಗೆ ತುಂಬಿತು. ಒಂದೊಂದು ಕುಕಿಯೂ ಬೆಕ್ಕು ಪರಚಿದ ಹಾಗಿತ್ತು, ಯಾವುದು ಯಾರ ಮನೆಯದೆಂದು ಬೇಯಿಸಿದವರಿಗೇ ಗೊತ್ತಾಗುತ್ತಿರಲಿಲ್ಲ. ಕಾರ್ಮೈನ್ ಮಂಗಳವಾರ ಹಡಗು ಹತ್ತಿದ. ನಾನು ಈ ಪತ್ರವನ್ನು ಅತ್ತೆಯ ಅಡುಗೆಮನೆಯಲ್ಲಿ ಕೂತು ಬರೆಯುತ್ತಿದ್ದೇನೆ. ಅವರು ಪಕ್ಕದ ಕೋಣೆಯಲ್ಲಿ ರೇಡಿಯೋದವರ ಜೊತೆ ಫೋನಿನಲ್ಲಿ ಮಾನ್ಯರಾದ ತಮ್ಮ ಬಗ್ಗೆಯೇ ಮಾತನಾಡುತ್ತಿದ್ದಾರೆ. ಬಳಸುತ್ತಿರುವ ಶಬ್ದಗಳನ್ನು ಇಲ್ಲಿ ಬರೆಯಲಾರೆ.

ಆದ್ದರಿಂದ ತಮ್ಮಲ್ಲಿ ನನ್ನ ವಿನಮ್ರ ಬೇಡಿಕೆ ಇಷ್ಟೇ. ಇನ್ನು ಮುಂದೆ ಆಟಗಾರರನ್ನು ಆರಿಸುವ ಕಷ್ಟವನ್ನು ತಾವು ತೆಗೆದುಕೊಳ್ಳದೆ, ಆ ಕುರ್ಚಿಯಲ್ಲಿ ನನ್ನ ಅತ್ತೆಯನ್ನೂ ದೊಡ್ಡಮ್ಮನನ್ನೂ ಕೂರಿಸಬೇಕು. ಅವರಿಬ್ಬರೂ ಒಂದು ಹೆಸರಿಗೆ ಬರುವುದರೊಳಗೆ ಸಮಯ ಮೀರಿಹೋಗಿ ನಮ್ಮ ತಂಡಕ್ಕೆ ಯಾರೂ ಸಿಗದಿರಬಹುದು. ಯಾರೂ ಸಿಗದಿದ್ದರೆ, ಲೆಕ್ಕ ಹಾಕಿ ನೋಡಿದರೆ, ಈ ವರ್ಷಕ್ಕಿಂತ ಮೇಲೇ ಆಯಿತು.

ತಮ್ಮ ಸಂಬಳಕ್ಕೂ ನೆಮ್ಮದಿಗೂ ಯಾವ ಕೊರತೆಯೂ ಬಾರದಿರಲಿ ಎಂದು ಹಾರೈಸುತ್ತಾ,

ತಮ್ಮ ವಿಶ್ವಾಸಿ,
ಮಾರ್ಲಾ ಹ್ರುಷ್ಕಾ
(ಇಡೀ ಮೇಜಿನವಳು)

ಮರೆತಿದ್ದೆ: ನನ್ನ ತಂಗಿ ಓಲ್ಗಾಗೂ ಸಂಬಂಧ ಕುದುರಿದೆ. ಹಾಲ್ ಖಾಲಿ ಸಿಕ್ಕಿದ್ದು ಮತ್ತೆ ಅದೊಂದೇ ದಿನವಾದ್ದರಿಂದ, ಅವಳ ಮದುವೆಯನ್ನು ಬರುವ ವರ್ಷ ಇದೇ ವಾರದ ಶನಿವಾರಕ್ಕೆ ಗೊತ್ತುಮಾಡಿ ಹಾಲಿಗೆ ಮುಂಗಡವನ್ನೂ ಕೊಟ್ಟಾಗಿದೆ. ಆಗಲೂ ಮೊದಲ ಆಯ್ಕೆ ನಮ್ಮ ತಂಡದ್ದೇ ಆಗಿರುತ್ತದೆ ಎಂಬುದರಲ್ಲಿ ನಮಗ್ಯಾರಿಗೂ ಅನುಮಾನವಿಲ್ಲ. ಅಷ್ಟರಮಟ್ಟಿಗೆ ತಮ್ಮ ಮೇಲೆ ಪೂರ್ಣ ಭರವಸೆಯಿದೆ.