ಸಪ್ಪಳಿಲ್ಲದ ಕಾಡತೂಸು

ಸೈನ್ಸ್ ಮಾಸ್ತರನ್ನ ಮದವಿ ಆದಾಕಿ ನಗಬೇಕಂದ್ರ ನಾಟಕಕ್ಕ ಹೋಗಬೇಕಾಗಿಲ್ಲ, ಅಡಗಿಮನಿ ಹೊಸ್ತಿಲಾ ದಾಟಿದ್ರ ಸಾಕು. ನಮ್ಮನಿಯವರು ಧಾರವಾಡದ ಹೈಸ್ಕೂಲಿನ್ಯಾಗ ಸೈನ್ಸ್ ಕಲಸತಿದ್ದರು. ಪುಸ್ತಕದಾಗ ಓದಿದ್ದನ್ನ ಮನ್ಯಾಗ ಮಾಡಿ ನೋಡಲಿಲ್ಲಂದ್ರ ಅವರಿಗೆ ಉಂಡದ್ದು ಕರಗತಿರಲಿಲ್ಲ. ಹಿಂಗಾಗಿ ದಿನಾ ಒಂದಿಲ್ಲೊಂದು ಫಜೀತಿ ಇದ್ದದ್ದ. ಎಲ್ಲಾ ಹೇಳಲಿಕ್ಕೆ ಕೂತರ ನನ್ನ ಆಯುಷ್ಯ ಸಾಲೂದಿಲ್ಲ. ಕಾಡತೂಸಿನ ಕಥಿ ಅಷ್ಟು ಹೇಳತೇನಿ.

ನಮ್ಮ ಮಾವನವರು ತೀರಿಕೊಂಡಾಗ ಮಗನಿಗೆ ಬಿಟ್ಟು ಹೋದದ್ದು ಶಿರಗುಪ್ಪ್ಯಾಗ ಒಂದು ಶೇಂಗಾದ ಹೊಲ, ಮತ್ತ ಆ ಹೊಲಕ್ಕ ಬರೋ ಕಾಡುಹಂದಿ ಅಂಜಸಲಿಕ್ಕೆ ಒಂದು ರೈಫಲ್ಲು. ಹೊಲಕ್ಕಿಂತ ರೈಫಲ್ಲಿನ ಮ್ಯಾಲೆ ನಮ್ಮನಿಯವರ ಜೀವ ಹೆಚ್ಚು. ಅದರ ಕಟಗಿ ಹಿಡಕಿ ಮಾವನವರ ಕೈ ಆಡಿ ಆಡಿ ನುಣ್ಣಗಾಗಿತ್ತು. ರವಿವಾರಕ್ಕೊಮ್ಮೆ ಅದಕ್ಕ ಎಣ್ಣಿ ಹಚ್ಚಿ ಒರಸೂದು, ಆಮ್ಯಾಲೆ ಹಿಡಕಿ ಮ್ಯಾಲೆ ಸುಮ್ಮನ ಕೈ ಇಟಗೊಂಡು ಕೂಡೂದು. ಆ ಹೊತ್ತಿನ್ಯಾಗ ನಾ ಮಾತಾಡಸತಿರಲಿಲ್ಲ. ಅಪ್ಪನ ಕೈ ಹಿಡಕೊಂಡು ಕೂತಾರ ಅಂತ ನನಗ ತಿಳೀತಿತ್ತು.

ನಮ್ಮ ಅತ್ತಿಯವರು ಮಾತ್ರ ಮಗನ ಕಡೆಯಿಂದ ದೇವರ ಮುಂದ ಆಣಿ ಮಾಡಿಸಿಕೊಂಡಿದ್ದರು. "ಇದರಿಂದ ಒಂದು ಜೀವಾನೂ ಹೋಗಕೂಡದು. ಅಂಜಸು. ಮುಗೀತು."

ಅಷ್ಟರಾಗ ಎರಡನೇ ಮಹಾಯುದ್ಧ ಸುರು ಆತು. ಕಾಡತೂಸು ಅಂಗಡ್ಯಾಗ ಸಿಗದಂಗಾತು. ಸಿಕ್ಕರೂ ಮಾಸ್ತರ ಪಗಾರಕ್ಕ ನಿಲುಕತಿರಲಿಲ್ಲ. "ಹೊಡದು ಖಾಲಿ ಆದ ಹಿತ್ತಾಳಿ ಕೊಳವಿ ಡಬ್ಬಿತುಂಬ ಅವ. ಮನ್ಯಾಗ ತುಂಬಿಕೊಂಡರಾತು, ಅದೇನ್ ಮಹಾ!" ಅಂದರು ನಮ್ಮನಿಯವರು. ಅವರು "ಅದೇನ್ ಮಹಾ" ಅಂದಾಗೆಲ್ಲಾ ಅತ್ತಿಯವರು ದೇವರಿಗೆ ಒಂದು ದೀಪ ಹೆಚ್ಚಿಗಿ ಹಚ್ಚತಿದ್ದರು.

ಸಮಕ್ಕ ಬಿದ್ದ ಪೆಟ್ಟು

ಧಾರವಾಡದ ಮಾಳಮಡ್ಡ್ಯಾಗ ನಮ್ಮ ಬಾಜೂ ಮನಿಯವರು ಗಾಯನ ಮಾಸ್ತರು. ಸಂಜಿ ಆತಂದ್ರ ತಂಬೂರಿ ಸುರು. ಆ ಧ್ವನಿ ಕೇಳಿಕೋತ ನಾನು ಭಕ್ಕರಿ ಬಡೀತಿದ್ದೆ. ಈಗ ನೆನಸಿಕೊಂಡರ, ಅಂಥಾ ಸುಖಾ ಮತ್ತ ಸಿಗಲಿಲ್ಲ ಅನಸತದ.

ಅಂಥಾ ಒಂದು ಸಂಜಿಮುಂದ ನಮ್ಮನಿಯವರು ಹಿತ್ತಲದಾಗ ಉಸುಕಿನ ಚೀಲಾ ಪೇರಿಸಿ, ತಾವ ತುಂಬಿದ ಮೊದಲನೇ ಕಾಡತೂಸು ಹೊಡದರು. ಬಾಜೂಕ ಒಬ್ಬ ಶಿಷ್ಯ ತಾನಾ ತಗೊಂಡು, ತಾಳದ ಮೊದಲನೇ ಪೆಟ್ಟು, ಅಂದ್ರ ಸಮಕ್ಕ ಬರೋದಕ್ಕೂ ಇಲ್ಲೆ "ಢಂ!" ಅನ್ನೋದಕ್ಕೂ ಸರಿ ಹೋತು. ಗಿಡದಾಗಿನ ಕಾಗಿ ಎಲ್ಲಾ ಹಾರಿ ಹೋದವು. ಗಾಯನ ಮಾಸ್ತರು ಒಳಗಿಂದ "ವ್ಹಾ!" ಅಂದದ್ದು ನನಗ ಸ್ಪಷ್ಟ ಕೇಳಿಸಿತು.

ಆವಾಗ ಸ್ವಾತಂತ್ರ್ಯ ಚಳವಳಿ ದಿವಸ. ಯಾರೋ ಬಾಂಬ್ ಹಾರಿಸಿದರು ಅಂತ ತಿಳಕೊಂಡು ಪೊಲೀಸರು ಬಂದು ಹಿತ್ತಲಾ ಎಲ್ಲಾ ಜಾಲಾಡಿದರು. ಸಿಕ್ಕದ್ದು ಹರದ ಉಸುಕಿನ ಚೀಲಾ. ಮರುದಿವಸ ತಾಲೂಕಿನ ಮಾಮ್ಲೇದಾರ ಸಾಹೇಬರು ನಮ್ಮನಿಯವರನ್ನ ಕಚೇರಿಗೆ ಕರಿಸಿದರು. "ಮಾಸ್ತರ, ಇನ್ನೊಮ್ಮೆ ಮಾಳಮಡ್ಡ್ಯಾಗ ಸಪ್ಪಳ ಆತು ಅಂತ ದೂರು ಬಂದ್ರ ಬಂದೂಕ ಸರಕಾರಕ್ಕ ಜಮಾ. ಬೆಳಿ ಕಾಯಲಿಕ್ಕೆ ಅಂತ ಲೈಸನ್ಸ್ ತಗೊಂಡೀರಿ. ಖರೇನ ಕಾಯತದೋ ಇಲ್ಲೋ, ಶೇಂಗಾ ಕೀಳೂದರೊಳಗ ನಾನ ಹೊಲಕ್ಕ ಬಂದು ನೋಡತೇನಿ."

ಮನಿಗೆ ಬಂದವರು ಊಟಾ ಬಿಟ್ಟು ಹಿಡಕಿ ಮ್ಯಾಲೆ ಕೈ ಇಟಗೊಂಡು ಕೂತುಬಿಟ್ಟರು. ಅಪ್ಪನ ಬಂದೂಕ ಯಾವದೋ ಕಚೇರಿ ಮೂಲ್ಯಾಗ ಜಂಗು ತಿನ್ನತದ ಅನ್ನೋದ ಅವರ ಚಿಂತಿ. ನನಗೂ ಸಂಕಟ ಆತು.

ಸಮಾಧಾನ ಹೇಳಲಿಕ್ಕೆ ಗಾಯನ ಮಾಸ್ತರು ಬಂದರು. "ಸಪ್ಪಳಕ್ಕ ನಂದೇನೂ ತಕರಾರಿಲ್ಲರಿ. ಆದರ ಹೊಡಿಯೂದಿದ್ದರ ನಿನ್ನಿ ಹಂಗ ಸಮಕ್ಕ ಹೊಡೀರಿ. ನಡುವ ಎಲ್ಲೆರ ಹೊಡದ್ರ ನಮ್ಮ ಹುಡುಗರು ತಾಳದಾಗ ಕೆಡತಾವ."

ಙ ಬಡದ ಪ್ರಾಣಿ

ಅವತ್ತಿನಿಂದ ಹೊಸಾ ಹುಚ್ಚು ಹತ್ತಿತು. ಕಾಡತೂಸು ಸೋವಿ ಆಗಬೇಕು, ಸಪ್ಪಳಾನೂ ಮಾಡಬಾರದು. ಗುಂಡು ಎರಕಾ ಹೊಯ್ಯಲಿಕ್ಕೆ ಸೀಸಾ ಬೇಕಾತು. ಯುದ್ಧದ ದಿನದಾಗ ಸೀಸಾ ಎಲ್ಲಿಂದ ತರೋದು? ಹುಬ್ಬಳ್ಳಿ ಕಮರಿಪ್ಯಾಟ್ಯಾಗ ಒಬ್ಬ ಛಾಪಖಾನಿಯವರು ಇವರ ಗುರ್ತಿನವರು. ಅಲ್ಲಿಗೆ ಹೋಗಿ, ಸೀಸದಾಗ ಎರಕಾ ಹೊಯ್ದ ಅಕ್ಷರದ ಅಚ್ಚಿನ ಮೊಳಿ ಒಂದು ಚೀಲಾ ತಂದರು.

ಅತ್ತಿಯವರು ಚೀಲಾ ಬಿಚ್ಚಿ ನೋಡಿ ಎದಿ ಬಡಕೊಂಡರು. "ಅಯ್ಯ ನನ್ನ ಶಿವನ! ಅಕ್ಷರಾ ಕರಗಸತೀಯೇನೋ? ಸಾಕ್ಷಾತ್ ಸರಸ್ವತಿ! ಮಾಸ್ತರಕಿ ಮಾಡೋವನು ನೀನು! ಇದರಾಗ ಶ್ರೀಕಾರ ಇದ್ದರ? ಓಂಕಾರ ಇದ್ದರ?"

"ಇಲ್ಲವಾ. ಅವೆಲ್ಲಾ ಅವರಿಗೆ ಬೇಕಾಗತಾವ. ಬರೇ ಙ, ಞ ಕೊಟ್ಟಾರ. ಛಾಪಖಾನಿ ತಗದಾಗ ತಂದಿಟ್ಟದ್ದಂತ, ಇನ್ನೂ ತನಕಾ ಒಂದಕ್ಕೂ ಮಸಿ ಹತ್ತಿಲ್ಲ."

ಅತ್ತಿಯವರಿಗೆ ಪೂರಾ ನಂಬಿಕಿ ಬರಲಿಲ್ಲ. ಒಂದೊಂದ ಮೊಳಿ ಬೆಳಕಿಗೆ ಹಿಡಿದು ಇವರ ಕಡೆ ಓದಿಸಿದರು. ಇವರು "ಙ... ಙ... ಞ... ಙ..." ಅನಕೋತ ಕೂತರು. ಹೊರಗ ಬಂದ ಹಾಲಿನವ ಮಾಸ್ತರಿಗೆ ಹಲ್ಲು ಬ್ಯಾನಿ ಅಂತ ತಿಳಕೊಂಡು ಲವಂಗಾ ಕೊಟ್ಟು ಹೋದ.

ಕಡೀಕ ಅತ್ತಿಯವರು ಮೊಳಿಗೆ ಅರಿಷಿಣ ಕುಂಕುಮ ಏರಿಸಿ ಒಪ್ಪಿಗಿ ಕೊಟ್ಟರು. "ಹೋಗಲಿ, ಕರಗಸಿಕೋ. ಙ ಬಡದು ಪ್ರಾಣಿ ಸತ್ತದ್ದು ಯಾವ ಪುರಾಣದಾಗೂ ಇಲ್ಲ. ನನ್ನ ಆಣಿಗೇನೂ ಧಕ್ಕಿ ಇಲ್ಲ."

ಬಂದೂಕಿನ ನೈವೇದ್ಯ

ಸಪ್ಪಳ ಕಡಿಮಿ ಆಗಬೇಕಂದ್ರ ಸಿಡಿಮದ್ದು ಕಡಿಮಿ ಹಾಕಬೇಕಂತ. ಮದ್ದು ಕಡಿಮಿ ಆದ್ರ ಹಿತ್ತಾಳಿ ಕೊಳವ್ಯಾಗ ಜಾಗಾ ಉಳೀತದಂತ. ಆ ಜಾಗಾ ತುಂಬಲಿಕ್ಕೆ ನಮ್ಮನಿಯವರಿಗೆ ಕಂಡದ್ದು ನನ್ನ ರವಾದ ಡಬ್ಬಿ! ರೇಶನ್ ದಿನದಾಗ ರವಾ ಸಿಗೂದು ಅಂದ್ರ ಬಂಗಾರ ಸಿಕ್ಕಂಗ. ಹಬ್ಬಕ್ಕ ಅಂತ ಬಚ್ಚಿಟ್ಟಿದ್ದೆ. ನಾ ತುಳಸಿಗೆ ನೀರು ಹಾಕಿ ಬರೋದರೊಳಗ ಡಬ್ಬಿ ಅರ್ಧಾ ಖಾಲಿ.

"ನಿಮಗ ಉಪ್ಪಿಟ್ಟು ಬೇಕಾಗಿತ್ತಂದ್ರ ಹೇಳಬಾರದಿತ್ತೇನು?" ಅಂದೆ.

"ನನಗಲ್ಲ, ಬಂದೂಕಿಗೆ," ಅಂದರು, ಏನೂ ಆಗಿಲ್ಲದವರಂಗ.

ಅವತ್ತ ಸಂಜಿಗೆ ಹಿತ್ತಲದಾಗ ಹೊಡದ್ರು. ಸಪ್ಪಳ ಅರ್ಧಕ್ಕ ಇಳದಿತ್ತು, ಬಾಗಲಾ ಹಾಕಿದಂಗ ಕೇಳಿಸಿತು. ಆದರ ಘಮ್ ಅಂತ ಒಂದು ವಾಸನಿ ಮನಿ ಎಲ್ಲಾ ತುಂಬಿತು. ಜಪಾ ಮಾಡಿಕೋತ ಕೂತ ಅತ್ತಿಯವರು ಕಣ್ಣು ಮುಚ್ಚಿಕೊಂಡ ಒದರಿದರು. "ಏ, ಒಲಿ ಮ್ಯಾಲಿಂದು ಇಳಸ, ರವಾ ಸೀದದ!"

ಕೌದಿ

ಮದ್ದು ಇನ್ನೂ ಕಡಿಮಿ ಆತು. ಒಂದು ರವಿವಾರ ಅತ್ತಿಯವರು ತೊಳದ ಕೌದಿ ಹಿತ್ತಲದ ಹಗ್ಗದ ಮ್ಯಾಲೆ ಒಣಹಾಕಿದ್ದರು, ಹಿಂದ ಉಸುಕಿನ ಚೀಲಾ. ಇವರು ಅದನ್ನ ನೋಡದನ ಹೊಡದರು. "ಪುಸ್" ಅಂತು, ಅಷ್ಟ. ಬಾಜೂಕ ತಂಬೂರಿ ನಡದ ಇತ್ತು. ಕಾಗಿ ಸೈತ ಹಾರಲಿಲ್ಲ.

ಇವರು ಬಂದೂಕ ಗ್ವಾಡಿಗಿ ಆನಿಸಿ, ಕೈ ತಟ್ಟಿ "ಗೆದ್ದೆ! ಅವಾ, ಗೆದ್ದೆ!" ಅಂತ ಕುಣದಾಡಿದರು. ಕುಣಿಯೋ ಸಪ್ಪಳಕ್ಕ ಗಾಯನ ಮಾಸ್ತರು ಕಂಪೌಂಡಿನ ಮ್ಯಾಲೆ ಹಣಿಕಿ ಹಾಕಿ, "ಏನ್ರಿ, ಬಡ್ತಿ ಬಂತೇನ್ರಿ?" ಅಂದರು.

ಅತ್ತಿಯವರು ಕೌದಿ ಹತ್ರ ಹೋಗಿ ಗುಂಡು ಎತ್ತಿಕೊಂಡರು. ಕೌದಿಗೆ ಬಡದು ಅಲ್ಲೇ ಕೆಳಗ ಬಿದ್ದಿತ್ತು. ಕೌದಿ ತಿರುವಿ ಮುರುವಿ ನೋಡಿ, ಕಣ್ಣಾಗ ನೀರು ತಂದು ಮಗನ ಗದ್ದಾ ಹಿಡದರು. "ಒಂದು ಹೊಲಿಗಿ ಸೈತ ಬಿಚ್ಚಿಲ್ಲ. ನಿಮ್ಮಪ್ಪ ಇಷ್ಟು ಛಲೋ ಎಂದೂ ಹೊಡದಿದ್ದಿಲ್ಲ."

ಮಾಮ್ಲೇದಾರರ ಮುಂದ

ಶೇಂಗಾ ಬಲತವು. ಮಾಮ್ಲೇದಾರ ಸಾಹೇಬರು ಹೇಳಿದಂಗ ಶಿರಗುಪ್ಪಿಗೆ ಬಂದ್ರು. ಊಟಾ ಬಡಸಲಿಕ್ಕೆ ಅಂತ ನಾನೂ ಅತ್ತಿಯವರೂ ಚಕ್ಕಡ್ಯಾಗ ಹೋಗಿದ್ದಿವಿ. ಹೊತ್ತು ಇಳಿಯೋ ಮುಂದ ಬದುವಿನ ಗಿಡದ ಹಿಂದ ಎಲ್ಲಾರೂ ಕೂತಿವಿ. ಹೊಲಾ ಮಾಡೋ ರೈತ ಪಿಸುಗುಟ್ಟಿದ. "ಬಂದೂವ್ರಿ ಸಾಹೇಬ್ರ. ಆರಾಮ ತಿನ್ನಾಕತ್ತಾವು ನೋಡ್ರಿ."

ಖರೇನ, ಹಂದಿ ಹಿಂಡು ಶೇಂಗಾದಾಗ ಮೂತಿ ಹಾಕಿ ಮಣ್ಣು ಕೆದರಲಿಕ್ಕತ್ತಿತ್ತು.

"ಹೊಡೀರಿ ಮಾಸ್ತರ," ಅಂದರು ಸಾಹೇಬರು.

ನಮ್ಮನಿಯವರು ಹಂದಿ ಬಾಜೂಕಿನ ಮಣ್ಣಿಗೆ ಗುರಿ ಇಟ್ಟರು. ಸಾಹೇಬರು ಕಿವ್ಯಾಗ ಬಟ್ಟು ಇಟಗೊಂಡರು. ಹಂಗ ಕೂತರು. ಕೂತ ಕೂತರು. ಕಡೀಕ ಒಂದು ಬಟ್ಟು ತಗದು ಕೇಳಿದರು. "ಯಾಕ್ರಿ, ಹೊಡಿಯೂದಿಲ್ಲೇನು?"

"ಹೊಡದೆನ್ರಿ, ಸಾಹೇಬ್ರ."

"ಯಾವಾಗ?"

"ಆವಾಗಲೇರಿ."

"ಇನ್ನೊಮ್ಮೆ ಹೊಡೀರಿ."

"ಅದೂ ಹೊಡದೆನ್ರಿ."

ದೊಡ್ಡ ಹಂದಿ ಒಂದು ತನ್ನ ಮುಂದ ಬಿದ್ದ ಗುಂಡನ್ನ ಮೂಸಿ ನೋಡಿತು, ಶೇಂಗಾ ಅಲ್ಲ ಅಂತ ತಿಳಕೊಂಡು ಮುಂದಿನ ಗಿಡಕ್ಕ ಹೋತು. ಅಂಜಸಲಿಕ್ಕೆ ಇದ್ದದ್ದು ಸಪ್ಪಳ ಒಂದ. ಅದನ್ನ ನಮ್ಮನಿಯವರು ತಿಂಗಳಗಟ್ಟಲೆ ಕಷ್ಟಾ ಪಟ್ಟು ತಗದುಹಾಕಿದ್ದರು! ಇದು ಅವರಿಗೆ ಹೊಳದದ್ದು ಆಗ. ಮುಖಾ ಬಿಳಿಚಿಕೊಂಡಿತು.

ಮಾಮ್ಲೇದಾರರು ಎದ್ದು ನಿಂತರು. "ಮಾಸ್ತರ, ನೀವು ಭಾಳ ಸಜ್ಜನರು. ಆದರ ನಾ ಏನ್ ಮಾಡ್ಲಿ? ಬೆಳಿ ಕಾಯದ ಬಂದೂಕಿಗೆ ಲೈಸನ್ಸ್ ಕೊಡಲಿಕ್ಕೆ ಬರೂದಿಲ್ಲ. ತರ್ರಿ ಇಲ್ಲೆ."

ನಮ್ಮನಿಯವರು ಬಂದೂಕ ಮುಂದ ಹಿಡದರು. ಹಿಡಕಿ ಮ್ಯಾಲಿನ ಕೈ ಮಾತ್ರ ಬಿಡವಲ್ಲದು. ಇಷ್ಟಕ್ಕೆಲ್ಲಾ ಕಾರಣಾದ ಆ ಹಂದಿ ನೋಡಿದರ, ಕಚಕಚ ಅಂತ ನಮ್ಮ ಶೇಂಗಾ ತಿನ್ನಲಿಕ್ಕತ್ತಿದ್ದವು!

ನನ್ನ ತವರುಮನಿ ಹಳ್ಳಿ. ಸಣ್ಣಾಕಿ ಇದ್ದಾಗ ಜ್ವಾಳದ ಹೊಲದಾಗ ಅಟ್ಟಣಿಗಿ ಮ್ಯಾಲೆ ನಿಂತು ಗಿಳಿ ಓಡಸತಿದ್ದೆ. ಮಾಳಮಡ್ಡಿಗೆ ಬಂದ ಮ್ಯಾಲೆ ಆ ಧ್ವನಿ ಮಡಚಿ ಇಟ್ಟಿದ್ದೆ. ಅತ್ತಿಯವರ ಮುಂದ ಆಡಿದ ಮಾತು ನನಗೂ ಕೇಳಸತಿರಲಿಲ್ಲ. ಆ ಸಂಜಿಮುಂದ ಅತ್ತಿ ನೆನಪಾಗಲಿಲ್ಲ, ಸಾಹೇಬರು ನೆನಪಾಗಲಿಲ್ಲ. ಸೆರಗು ಸಿಗಸಿ ಬದುವಿನ ಮ್ಯಾಲೆ ಹತ್ತಿ ನಿಂತು, "ಹೋ... ಓ... ಓಯ್! ನಿಮ್ಮ ಬಾಯಾಗ ಮಣ್ಣ ಹಾಕ್ಲಿ! ನಡೀರಿ!" ಅಂತ ಒದರಿದೆ.

ಹಂದಿ ಹಿಂಡು ಒಂದರ ಮ್ಯಾಲೊಂದು ಬಿದ್ದು ಓಡಿತು. ಎತ್ತು ಹಗ್ಗಾ ಹರಕೊಂಡು ಚಕ್ಕಡಿ ಬಿಟ್ಟು ಹೋದವು. ಸಾಹೇಬರ ಜೋಡಿ ಬಂದ ಪಟ್ಟೇವಾಲಾ ಜವಾನ ಅಂಗಾತ ಬಿದ್ದ. ಸಾಹೇಬರ ಎರಡೂ ಬಟ್ಟು ತಾವ ಕಿವಿಗೆ ಹೋಗಿದ್ದವು. ಅತ್ತಿಯವರು ನನ್ನನ್ನ ಮ್ಯಾಲಿಂದ ಕೆಳಗಿನ ತನಕಾ, ಹೊಸಾ ಸೊಸಿ ಬಂದಾಳೇನು ಅನ್ನೋ ಹಂಗ ನೋಡಿದರು. ನಮ್ಮನಿಯವರು ನನ್ನ ನೋಡಿದ್ದನ್ನ ಮಾತ್ರ ನಾ ಇಂದಿಗೂ ಮರತಿಲ್ಲ. ಅವರು ಹೋಗಿ ಇಷ್ಟು ವರ್ಷಾತು, ಮುಖಾ ನೆನಪಾತಂದ್ರ ಆ ಸಂಜಿ ಮುಖಾನ ನೆನಪಾಗತದ.

ಮಾಮ್ಲೇದಾರರು ಖಾಲಿ ಹೊಲದ ಮ್ಯಾಲೆ ಒಮ್ಮೆ ಕಣ್ಣಾಡಿಸಿದರು. ಆಮ್ಯಾಲೆ ಬಂದೂಕ ತಿರುಗಿ ನಮ್ಮನಿಯವರ ಕಡೆ ಸರಸಿದರು.

"ಮಾಸ್ತರ, ನೀವು ಬಂದೂಕ ಹೊಡದದ್ದು ನಾ ಕಣ್ಣಾರೆ ನೋಡೇನಿ. ಹಂದಿ ಓಡಿದ್ದೂ ಕಣ್ಣಾರೆ ನೋಡೇನಿ. ನಡುವ ಏನಾತು ಅಂತ ಸರಕಾರ ಕೇಳೂದಿಲ್ಲ. ಲೈಸನ್ಸ್ ಇಟಗೋರಿ."

ನಮ್ಮನಿಯವರು ಬಂದೂಕ ಎದಿಗವಚಿಕೊಂಡು ಕೈ ಮುಗದರು. ಸಾಹೇಬರು ನಾಲ್ಕ ಹೆಜ್ಜಿ ಹೋದವರು ಮತ್ತ ನಿಂತು, ನನ್ನ ಕಡೆ ನೋಡಿ, ಇವರಿಗೆ ಸಣ್ಣ ಧ್ವನಿಲೆ ಹೇಳಿದರು.

"ಆದರ ಬಾಯಾರನ್ನ ಲಗೂನ ಮನಿಗೆ ಕರಕೊಂಡು ಹೋಗ್ರಿ. ಆ ಧ್ವನಿಗೆ ಲೈಸನ್ಸ್ ಕೊಡೋ ಅಧಿಕಾರ ನನಗಿಲ್ಲ, ಕಲೆಕ್ಟರ ಸಾಹೇಬರನ್ನ ಕೇಳಬೇಕಾಗತದ."