ಕೈ ತೊಳೆದ ನೀರು ಹಳದಿಯಾದಲ್ಲಿ ಅಧಿಕಾರಿಗಳು ಹೆದರತಕ್ಕ ಕ್ರಮ

ಬ್ಲಾಕ್ ಅಭಿವೃದ್ಧಿ ಕಚೇರಿ, ಮಹುಲಡಿಹಾ
(ಜನಜಾಗೃತಿ ವಿಭಾಗ)

ಸಂಖ್ಯೆ: ಮಡಿ/ಜಜಾ/ಕಾಮಾಲೆ/೧೭
ದಿನಾಂಕ: ಭಾದ್ರ ಮಾಸದ ೨೬

ಕಚೇರಿ ಬಳಕೆಗೆ ಮಾತ್ರ. (ಸಂತೆಯಲ್ಲಿ ಈಗಾಗಲೇ ಎಲ್ಲರಿಗೂ ಗೊತ್ತಿದೆ.)

ಸುತ್ತೋಲೆ

ವಿಷಯ: ಕಾಮಾಲೆ ತೊಳೆಯುವ ಓಝಾಗಳ (ಮಂತ್ರವಾದಿಗಳ) ತಂತ್ರವನ್ನು ಬಯಲು ಮಾಡುವಾಗ ಉಂಟಾದ ಗೊಂದಲ, ಹಾಗೂ ಮುಂದೆ ಅದೇ ಗೊಂದಲವನ್ನು ಕ್ರಮಬದ್ಧವಾಗಿ ಉಂಟುಮಾಡುವ ಬಗ್ಗೆ.

ಉಲ್ಲೇಖ: (೧) ಮೂಢನಂಬಿಕೆಯನ್ನು ಮಾರ್ಚ್ ಅಂತ್ಯದೊಳಗೆ ತೊಲಗಿಸಿ ವರದಿ ಸಲ್ಲಿಸುವಂತೆ ಮೇಲಿನ ಕಚೇರಿಯಿಂದ ಬಂದ ಪತ್ರ. (೨) ಕಚೇರಿ ಚಾಲಕ ಶ್ರೀ ನಿಶಾಕರ ಲಾಯೇಕ್ ಬರೆಯಬೇಕಾಗಿದ್ದು ಬರೆಯದ ರಜೆ ಅರ್ಜಿ. (೩) ಸಂತೆಯ ಜನರ ಸಂತಾಪ.

ಮೇಲ್ಕಂಡ ವಿಷಯದಲ್ಲಿ ನಡೆದದ್ದನ್ನು ನಡೆದಂತೆಯೇ ತಿಳಿಸುವುದು ಈ ಕಚೇರಿಯ ಪದ್ಧತಿಯಲ್ಲವಾದರೂ, ಬೇರೆ ದಾರಿ ಕಾಣದ ಕಾರಣ ಸರ್ವ ಸಿಬ್ಬಂದಿಗೂ ಈ ಮೂಲಕ ತಿಳಿಸಲಾಗಿದೆ.

೧. ಈ ಬ್ಲಾಕಿನಲ್ಲಿ ಕಾಮಾಲೆ ಬಂದವರು ಆಸ್ಪತ್ರೆಗೆ ಹೋಗುವ ಬದಲು ಫಟಿಕ ಓಝಾ ಎಂಬುವರ ಅಂಗಳಕ್ಕೆ ಹೋಗುವುದು ವಾಡಿಕೆ. ಸದರಿ ಓಝಾ ರೋಗಿಯ ಅಂಗೈಗೆ ತಂಪಿಗೆಂದು ಒಂದು ರಸ ಸವರುತ್ತಾರೆ. ಅದು ಆರಿದ ಮೇಲೆ, ಮಂತ್ರಿಸಿದ ನೀರು ಹಾಕಿ ಕಂಚಿನ ತಟ್ಟೆಯಲ್ಲಿ ಕೈ ತೊಳೆಸುತ್ತಾರೆ. ತಿಳಿಯಾಗಿದ್ದ ನೀರು ಹಳದಿಯಾಗಿ ತಟ್ಟೆಗೆ ಬೀಳುತ್ತದೆ. ಕಾಮಾಲೆ ಇಳಿದು ಬಂತೆಂದು ಮನೆಯವರು ಕಣ್ಣಾರೆ ಕಂಡು ಕೈಮುಗಿಯುತ್ತಾರೆ. ರಸ ಮಾವಿನ ತೊಗಟೆಯದು, ನೀರು ವೀಳ್ಯದೆಲೆಗೆ ಹಚ್ಚುವ ಸುಣ್ಣದ ತಿಳಿ, ಎರಡೂ ಸೇರಿದರೆ ಯಾರ ಕೈಯಲ್ಲಾದರೂ ಹಳದಿಯೇ. ಅದೇ ಸುಣ್ಣದಿಂದ ದಿನವೂ ಬಾಯಿ ಕೆಂಪು ಮಾಡಿಕೊಳ್ಳುವ ಜನ ಒಂದು ದಿನವೂ ಅದನ್ನು ರಕ್ತವೆಂದು ಹೆದರಿದ್ದು ಕಡತಗಳಲ್ಲಿ ಕಂಡುಬಂದಿಲ್ಲ.

೨. ಜನ ಇದನ್ನು ಏಕೆ ನಂಬುತ್ತಾರೆಂದು ಮೇಲಿನ ಕಚೇರಿ ಕೇಳಿದೆ. ಉತ್ತರಗಳು ಹೀಗಿವೆ:

(ಅ) ಕಾಮಾಲೆ ಬಂದವರಲ್ಲಿ ಬಹುಪಾಲು ಜನ ಬೇಯಿಸಿದ ಪಪ್ಪಾಯಿ ತಿಂದು, ಕಬ್ಬಿನ ಹಾಲು ಕುಡಿದು, ಕೆಲವು ವಾರ ಮಲಗಿದರೆ ತಾವಾಗಿ ಚೇತರಿಸಿಕೊಳ್ಳುತ್ತಾರೆ. ಓಝಾರ ಚಿಕಿತ್ಸೆಯೂ ಸರಿಯಾಗಿ ಅಷ್ಟೇ ವಾರ ನಡೆಯುತ್ತದೆ.

(ಆ) ಓಝಾ ಪ್ರತಿ ಸಲವೂ ರಸವನ್ನು ಕೊಂಚ ಕಡಿಮೆ ಸವರುವುದರಿಂದ ನೀರಿನ ಬಣ್ಣ ತಿಳಿಯಾಗುತ್ತಾ ಬರುತ್ತದೆ.

(ಇ) ವಾಸಿಯಾಗದವರು, ಓಝಾರ ಪ್ರಕಾರ, ಪಥ್ಯ ಮೀರಿ ಕದ್ದು ಮೀನು ತಿಂದಿರುತ್ತಾರೆ. ಸತ್ತವರು ದೂರು ಕೊಡಲು ಬರುವುದಿಲ್ಲ. ಬಂದಲ್ಲಿ ಸ್ವೀಕರಿಸಲು ಟಪಾಲು ಶಾಖೆ ಸಿದ್ಧವಿದೆ.

(ಈ) ಹೆದರಿದ ಮನುಷ್ಯನಿಗೆ, ಕಾದು ನೋಡೋಣ ಎನ್ನುವವರಿಗಿಂತ, ಇಗೋ ಇಳಿಯಿತು ನೋಡು ಎಂದು ತಟ್ಟೆ ತೋರಿಸುವವರೇ ಹತ್ತಿರದವರು. ಈ ಕಚೇರಿಯ ಬಳಿ ತೋರಿಸಲು ತಟ್ಟೆ ಇಲ್ಲ.

೩. ಚಾಲಕ ನಿಶಾಕರನ ಹೆಂಡತಿ ಪುತುಲ್, ಏಳು ತಿಂಗಳ ಬಸುರಿ, ಕಾಮಾಲೆಯಾಗಿ ಫಟಿಕ ಓಝಾರ ಅಂಗಳಕ್ಕೆ ಹೋಗಿಬರುತ್ತಿದ್ದಳು. ಪ್ರತಿ ಸಲವೂ ನೀರು ತಿಳಿಯಾಗುತ್ತಿತ್ತು. ಪ್ರತಿ ಸಲವೂ ಅವಳು ಇನ್ನಷ್ಟು ಹಳದಿಯಾಗುತ್ತಿದ್ದಳು. ಮನೆಯವರೆಲ್ಲ ತಟ್ಟೆಯನ್ನು ನೋಡುತ್ತಿದ್ದುದರಿಂದ ಅವಳನ್ನು ನೋಡಲು ಯಾರಿಗೂ ಬಿಡುವಾಗಿರಲಿಲ್ಲ. ಆಸ್ಪತ್ರೆಗೆ ಸೇರಿಸುವಂತೆ ಈ ವಿಭಾಗದ ವಿಸ್ತರಣಾಧಿಕಾರಿ (ಇನ್ನು ಮುಂದೆ 'ಸದರಿ ಅಧಿಕಾರಿ') ನಿಶಾಕರನಿಗೆ ಎರಡು ಸಲ ಹೇಳಿದರು. ನಿಶಾಕರ ತಲೆ ತಗ್ಗಿಸಿ, ಅಮ್ಮ ಒಪ್ಪುವುದಿಲ್ಲ ಎಂದನು. ಬಸುರಿಗೆ ಕಾಮಾಲೆ ಹತ್ತಿದರೆ ಹಗುರವಾಗಿ ಹೋಗುವುದಿಲ್ಲವೆಂಬುದು ಸದರಿ ಅಧಿಕಾರಿಗೆ ತಿಳಿದಿತ್ತು. ಆದುದರಿಂದ ಸಂತೆ ಮೈದಾನದಲ್ಲಿ ಏರ್ಪಡಿಸಲಾದ ಪ್ರಾತ್ಯಕ್ಷಿಕೆಯು ಹೆಸರಿಗೆ ಸಮಸ್ತ ಸಾರ್ವಜನಿಕರಿಗಾಗಿ ಇದ್ದರೂ, ವಾಸ್ತವವಾಗಿ ಮುಂದಿನ ಸಾಲಿನಲ್ಲಿ ಕುಳಿತಿದ್ದ ನಿಶಾಕರನ ತಾಯಿ ಸೌದಾಮಿನಿ ಎಂಬ ಒಬ್ಬರಿಗಾಗಿ ಮಾತ್ರ ಇತ್ತು.

೪. ರಸಾಯನಶಾಸ್ತ್ರದಲ್ಲಿ ಎಂ.ಎಸ್‌ಸಿ. ಪಡೆದಿರುವ ಸದರಿ ಅಧಿಕಾರಿಯು ತಾವು ಗಟ್ಟಿಮುಟ್ಟಾಗಿರುವುದಾಗಿ ಘೋಷಿಸಿ, ತಮ್ಮದೇ ಅಂಗೈಗೆ ರಸ ಸವರಿಕೊಂಡು, ಸುಣ್ಣದ ತಿಳಿಯಲ್ಲಿ ಕೈ ತೊಳೆದರು. ನೀರು ಹಳದಿಯಾಯಿತು. ಸಂತೆಯಲ್ಲಿ ಮಂಡಕ್ಕಿ ಜಗಿಯುವ ಸದ್ದೂ ನಿಂತಿತು. ನಂತರ ಸೌದಾಮಿನಿಯವರು ಎದ್ದು ಬಂದು, ಅಧಿಕಾರಿಯ ತೋಳು ಹಿಡಿದು ಹೇಳಿದ್ದನ್ನು ಯಥಾವತ್ತಾಗಿ ಕೊಡಲಾಗಿದೆ:

"ಅಯ್ಯೋ ನನ್ನಪ್ಪ, ಇಷ್ಟು ದಿನ ಇದನ್ನ ಒಬ್ಬನೇ ಹೊತ್ಕೊಂಡು ತಿರುಗ್ತಿದ್ದೆಯಾ? ಹೆಂಡ್ತಿಗಾದ್ರೂ ಹೇಳಿದ್ಯಾ?"

ಸಭೆಯಲ್ಲಿದ್ದ ಫಟಿಕ ಓಝಾರು ತಟ್ಟೆಯನ್ನು ಬೆಳಕಿಗೆ ಹಿಡಿದು ಪರೀಕ್ಷಿಸಿ, ತಮ್ಮ ಕೈಯಲ್ಲೂ ಇಷ್ಟು ಗಟ್ಟಿ ಬಣ್ಣ ಬಂದಿಲ್ಲವೆಂದೂ, ಇದು ಹಳೆಯ ಕಾಮಾಲೆಯೆಂದೂ ಅಭಿಪ್ರಾಯಪಟ್ಟರು. ಸದರಿ ಅಧಿಕಾರಿ ತೊಗಟೆ, ಸುಣ್ಣ ಎಂದು ಮತ್ತೆ ಮೊದಲಿನಿಂದ ವಿವರಿಸಿದರು. ಜ್ವರದಲ್ಲಿ ಬಡಬಡಿಸುವವರ ಮಾತಿಗೆ ಹೂಂಗುಟ್ಟುವಂತೆ ಜನ ಹೂಂಗುಟ್ಟಿದರು. ಕಬ್ಬಿನ ಹಾಲು ತರಿಸಲಾಯಿತು.

೫. ಆದಕಾರಣ ಮುಂದಿನ ಪ್ರಾತ್ಯಕ್ಷಿಕೆಗಳ ಬಗ್ಗೆ ಈ ಕೆಳಗಿನಂತೆ ಸೂಚಿಸಲಾಗಿದೆ. ತೊಗಟೆಯನ್ನು ಸರ್ಕಾರಿ ಮಾವಿನ ಮರದಿಂದಲೇ, ಮರಕ್ಕೆ ಮುಂಚಿತವಾಗಿ ನೋಟಿಸು ನೀಡಿ ಪಡೆಯತಕ್ಕದ್ದು. ಪ್ರಯೋಗಕ್ಕೆ ಒಡ್ಡುವ ಕೈಗಳು ಕಾಯಂ ನೌಕರರದ್ದಾಗಿರತಕ್ಕದ್ದು. ಗುತ್ತಿಗೆ ನೌಕರರ ಕೈಗಳು ಹಳದಿಯಾಗಲು ಸದ್ಯ ಮಂಜೂರಾತಿ ಇಲ್ಲ. ನೀರಿನ ಬಣ್ಣವನ್ನು 'ಹಳದಿ' ಎಂದಷ್ಟೇ ನಮೂದಿಸತಕ್ಕದ್ದು. 'ಸಾಸಿವೆ ಎಣ್ಣೆಯಂಥದ್ದು', 'ಅಬ್ಬಬ್ಬಾ' ಮೊದಲಾದ ಷರಾಗಳನ್ನು ಬರೆದ ಗುಮಾಸ್ತರಿಗೆ ಪ್ರತ್ಯೇಕವಾಗಿ ನೋಟಿಸು ನೀಡಲಾಗಿದೆ.

೬. ಪಪ್ಪಾಯಿ: ಪ್ರಾತ್ಯಕ್ಷಿಕೆಯ ತರುವಾಯ ಸದರಿ ಅಧಿಕಾರಿಯ ವಸತಿಗೃಹಕ್ಕೆ ಸಾರ್ವಜನಿಕರು ತಂದಿಟ್ಟ ಪಪ್ಪಾಯಿಗಳು ಉಡುಗೊರೆಯೋ, ಔಷಧವೋ, ಲಂಚವೋ ಎಂಬ ಪ್ರಶ್ನೆ ಉದ್ಭವಿಸಿದೆ. ಹಸಿ ಪಪ್ಪಾಯಿಯನ್ನು ಚರಾಸ್ತಿಯೆಂದೂ, ಬೇಯಿಸಿದ್ದನ್ನು ಆಹಾರವೆಂದೂ, ಅರೆಬೆಂದದ್ದನ್ನು ವಿಚಾರಣೆಗೆ ಬಾಕಿ ಇರುವುದೆಂದೂ ಪರಿಗಣಿಸತಕ್ಕದ್ದು.

೭. ಸದರಿ ಅಧಿಕಾರಿಯು ಅಂದು ಸಂಜೆ ಮನೆಯಲ್ಲಿ ಕನ್ನಡಿಯ ಮುಂದೆ ನಿಂತು ಕೆಳಗಿನ ರೆಪ್ಪೆ ಎಳೆದು ಕಣ್ಣು ನೋಡಿಕೊಂಡರೆಂಬುದು ಕೇವಲ ವದಂತಿ. ಬಲಗಣ್ಣನ್ನು ಮಾತ್ರ ನೋಡಿಕೊಂಡರು. ಬಲ್ಬು ಹಳದಿಯದಾದ್ದರಿಂದ ಫಲಿತಾಂಶ ಅಸ್ಪಷ್ಟವಾಗಿತ್ತು. ಊಟದಲ್ಲಿ ಬೇಳೆಗೆ, ಕಾಮಾಲೆಯವರ ಪಥ್ಯದಂತೆ, ಅರಿಶಿನ ಇರಲಿಲ್ಲ. ಕಾರಣ ಕೇಳಲಾಗಿ, ಪತ್ನಿಯವರು ಸುಮ್ಮನೆ ಎಂದರು. ಎರಡು ದಿನಗಳಿಂದ ಹಸಿವು ಕಡಿಮೆಯಾಗಿದ್ದು ಅಧಿಕಾರಿಗೆ ನೆನಪಿಗೆ ಬಂತು. ತೊಗಟೆ ತಂದದ್ದು ತಾವೇ, ಸುಣ್ಣ ಕಲಸಿದ್ದು ತಾವೇ, ಹಳದಿ ಬರುವ ಕಾರಣ ಇಡೀ ಬ್ಲಾಕಿನಲ್ಲಿ ಓಝಾರನ್ನು ಬಿಟ್ಟರೆ ಬಲ್ಲವರು ತಾವೊಬ್ಬರೇ. ಇಷ್ಟೆಲ್ಲ ಗೊತ್ತಿದ್ದೂ ಊಟವನ್ನು ಅರ್ಧಕ್ಕೆ ಬಿಟ್ಟು ಎದ್ದರು. ತಿಳಿವಳಿಕೆ ತಲೆಯಲ್ಲಿ ಇರುತ್ತದೆ, ಹೆದರಿಕೆ ಬೇರೆಲ್ಲೋ ಇರುತ್ತದೆ, ಇವೆರಡರ ನಡುವೆ ಟಪಾಲು ವ್ಯವಸ್ಥೆ ಇಲ್ಲವೆಂಬುದನ್ನು ಮೇಲಿನ ಕಚೇರಿಯ ಗಮನಕ್ಕೆ ತರಲಾಗಿದೆ. ಸೂಚನೆ: ಇನ್ನು ಮುಂದೆ ಹಳದಿ ಬಲ್ಬಿನ ಕೆಳಗೆ ಯಾವ ನೌಕರನೂ ತನ್ನ ಕಣ್ಣನ್ನು ತಾನೇ ನೋಡಿಕೊಳ್ಳತಕ್ಕದ್ದಲ್ಲ.

೮. ಮರುದಿನ ಬೆಳಿಗ್ಗೆ ಸದರಿ ಅಧಿಕಾರಿಯು ಕಚೇರಿ ಕೆಲಸದ ನಿಮಿತ್ತವೆಂದು ಜೀಪು ತರಿಸಿ ಜಿಲ್ಲಾ ಆಸ್ಪತ್ರೆಯ ಕಡೆ ಹೊರಟರು. ಕಚೇರಿ ಕೆಲಸ ಯಾವುದೆಂದರೆ ರಕ್ತಪರೀಕ್ಷೆ. ಜೀಪು ಓಡಿಸುತ್ತಿದ್ದವನು ನಿಶಾಕರ. ಕಾಲುವೆ ಸೇತುವೆ ಬಳಿ ಕೇಳಿದನು:

"ನೀರು ಹಳದಿ ಆದ್ರೆ ಏನೂ ಅರ್ಥ ಇಲ್ಲ ಅಂದ್ರಿ ಸಾರ್. ಮತ್ತೆ ಆಸ್ಪತ್ರೆಗೆ ಯಾಕೆ ಹೊರಟ್ರಿ?"

ಇಂಥ ಪ್ರಶ್ನೆಗೆ ಲಿಖಿತ ಉತ್ತರ ನೀಡಲು ಸಾಮಾನ್ಯವಾಗಿ ಕಾಲಾವಕಾಶ ಕೇಳಲಾಗುತ್ತದೆ. ಜೀಪಿನಲ್ಲಿ ಆ ಸೌಲಭ್ಯ ಇರಲಿಲ್ಲ. ಸದರಿ ಅಧಿಕಾರಿ ಕಿಟಕಿಯ ಕಡೆ ತಿರುಗಿ ಹೇಳಿದರು:

"ಹೆದರಿಕೆ ಆಯ್ತು ಕಣೋ."

ನಿಶಾಕರ ಮೇಲಧಿಕಾರಿಗಳ ಪೂರ್ವಾನುಮತಿ ಪಡೆಯದೆ ಸೇತುವೆಯ ಮೇಲೆಯೇ ಜೀಪು ತಿರುಗಿಸಿದನು. ಮೇಲಧಿಕಾರಿ ಪಕ್ಕದಲ್ಲೇ ಕುಳಿತಿದ್ದರು, ಆಕ್ಷೇಪಿಸಲಿಲ್ಲ.

೯. ನಿಶಾಕರನ ಮನೆಯಲ್ಲಿ ಪುತುಲ್ ಚಾಪೆಯ ಮೇಲೆ ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು. ಕರೆದರೆ ತಡವಾಗಿ ಕಣ್ಣು ಬಿಡುತ್ತಿದ್ದಳು, ಗಂಡನನ್ನು ಬೇರೆ ಯಾರದೋ ಹೆಸರಿಂದ ಕರೆದಳು. ಸೌದಾಮಿನಿಯವರು ಬಾಗಿಲಿಗೆ ಅಡ್ಡ ನಿಂತು, ಇನ್ನೊಂದೇ ಸಲ ತೊಳೆಯುವುದು ಬಾಕಿ, ನೀರು ಹೆಚ್ಚುಕಡಿಮೆ ಬೆಳ್ಳಗಾಗಿದೆ, ಈಗ ಬಿಟ್ಟರೆ ಎಲ್ಲ ವ್ಯರ್ಥ ಎಂದರು. ಸದರಿ ಅಧಿಕಾರಿಯು ತೊಗಟೆ, ಸುಣ್ಣ ಎಂದು ಬಾಯಿ ತೆರೆದರು. ನಿಶಾಕರ ಅವರನ್ನು ಮಾತಾಡಲು ಬಿಡಲಿಲ್ಲ.

"ಅಮ್ಮಾ, ಸಾಹೇಬ್ರ ನೀರು ನೀನೇ ನೋಡಿದ್ಯಲ್ಲ. ಅವರು ಫಟಿಕ್ ಹತ್ರ ಹೋಗ್ಲಿಲ್ಲ. ಹೆದರ್ಕೊಂಡು ಆಸ್ಪತ್ರೆಗೆ ಹೊರಟಿದಾರೆ. ಇಷ್ಟು ಓದಿದವರಿಗೇ ಹೆದರಿಕೆ ಆದ್ರೆ, ನಮಗೆ ಯಾಕೆ ಆಗಬಾರದು?"

ಸೌದಾಮಿನಿಯವರು ಸದರಿ ಅಧಿಕಾರಿಯ ಮುಖವನ್ನು ದಿಟ್ಟಿಸಿ ನೋಡಿದರು. ಅಧಿಕಾರಿ ಆ ಹೊತ್ತಿನಲ್ಲಿ ಧೈರ್ಯ ನಟಿಸಬಹುದಿತ್ತು, ನಟಿಸಲಿಲ್ಲ. ಮುದುಕಿ ಬಾಗಿಲಿನಿಂದ ಸರಿದರು. ಸೊಸೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಹಿಂದಿನ ಸೀಟಿನಲ್ಲಿ ತಾವೇ ಕುಳಿತರು, ದಾರಿಯುದ್ದಕ್ಕೂ ತಟ್ಟೆಯನ್ನಲ್ಲ, ಅವಳನ್ನೇ ನೋಡುತ್ತಿದ್ದರು.

೧೦. ಆಸ್ಪತ್ರೆಯಲ್ಲಿ ಸದರಿ ಅಧಿಕಾರಿಯ ರಕ್ತದಲ್ಲಿ ಯಾವ ದೋಷವೂ ಕಂಡುಬರಲಿಲ್ಲ; ಸುಮ್ಮನೆ ಜಾಗ ಹಿಡಿದುಕೊಂಡು ನಿಲ್ಲಬೇಡಿ ಎಂದು ಅಲ್ಲಿನ ನರ್ಸ್ ಗದರಿದರು. ಪುತುಲ್‌ಳ ಕಾಗದ ನೋಡಿದ ವೈದ್ಯರು ಯಾರನ್ನೂ ಗದರಲಿಲ್ಲ, ಓಡಿದರು. ಇನ್ನೊಂದು ದಿನ ತಡವಾಗಿದ್ದರೆ ಅವಳಿಗೆ ಎಚ್ಚರವೇ ಮರಳುತ್ತಿರಲಿಲ್ಲವೆಂದು ಆಮೇಲೆ ಹೇಳಿದರು. ಸದ್ಯ ಅವಳು ಗಂಡನನ್ನು ಅವನದೇ ಹೆಸರಿಂದ ಕರೆಯುತ್ತಿದ್ದಾಳೆ. ಹೊಟ್ಟೆಯ ಕೂಸು ಒದೆಯುತ್ತಿದೆ.

೧೧. ಹೀಗೆ, ವೈಜ್ಞಾನಿಕ ವಿವರಣೆಯಿಂದ ಆಗದ ಕೆಲಸ ಅಧಿಕಾರಿಯ ಪುಕ್ಕಲುತನದಿಂದ ಆಗಿರುವುದು ಸಾಬೀತಾಗಿದೆ. ಪುಕ್ಕಲುತನವನ್ನು ಇನ್ನು ಮುಂದೆ ಆಕಸ್ಮಿಕಕ್ಕೆ ಬಿಡದೆ ಇಲಾಖೆಯ ಕ್ರಮಕ್ಕೆ ಒಳಪಡಿಸುವುದು ಸೂಕ್ತವೆಂದು ಭಾವಿಸಿ ಆದೇಶಿಸಲಾಗಿದೆ:

(ಅ) ಪ್ರತಿ ಪ್ರಾತ್ಯಕ್ಷಿಕೆಯ ಕೊನೆಗೆ ಕೈ ತೊಳೆದ ಅಧಿಕಾರಿಯು ಸಾರ್ವಜನಿಕರ ಎದುರಿಗೇ ಹೆದರತಕ್ಕದ್ದು. ಹೆದರಿಕೆಯು ಮುಖದಲ್ಲಿ ಕಾಣುವಂತಿರಬೇಕು. ಮನಸ್ಸಿನಲ್ಲೇ ಹೆದರಿದ್ದನ್ನು ಲೆಕ್ಕಕ್ಕೆ ಹಿಡಿಯಲಾಗುವುದಿಲ್ಲ.

(ಆ) ಹೆದರಿದ ಅಧಿಕಾರಿಯು ತಕ್ಷಣ ಜೀಪು ಹತ್ತಿ ಆಸ್ಪತ್ರೆಗೆ ಹೋಗತಕ್ಕದ್ದು. ಜೀಪು ಕೆಟ್ಟಿದ್ದಲ್ಲಿ ಎತ್ತಿನ ಗಾಡಿಯಲ್ಲಿ ಹೋಗಬಹುದು, ಆದರೆ ಹೆದರಿಕೆಯ ವೇಗವನ್ನು ಕಡಿಮೆ ಮಾಡತಕ್ಕದ್ದಲ್ಲ.

(ಇ) ಹಿಂದಿನ ಸೀಟನ್ನು ಖಾಲಿ ಬಿಟ್ಟಿರತಕ್ಕದ್ದು. ದಾರಿಯಲ್ಲಿ ಯಾವ ಮನೆಯವರು ಕೈ ಅಡ್ಡ ಹಾಕಿದರೂ ನಿಲ್ಲಿಸತಕ್ಕದ್ದು.

(ಈ) ಹೆದರಲು ನಿರಾಕರಿಸುವ ಧೈರ್ಯವಂತ ಅಧಿಕಾರಿಗಳನ್ನು ಈ ವಿಭಾಗದಿಂದ ಮೀನುಗಾರಿಕೆ ವಿಭಾಗಕ್ಕೆ ವರ್ಗಾಯಿಸಲಾಗುವುದು.

ಅನುಮತಿಯಿಲ್ಲದೆ ಸೇತುವೆಯ ಮೇಲೆ ಜೀಪು ತಿರುಗಿಸಿದ್ದಕ್ಕಾಗಿ ಚಾಲಕ ನಿಶಾಕರ ಲಾಯೇಕ್‌ರಿಗೆ ಎಚ್ಚರಿಕೆ ನೀಡಲಾಗಿದೆ. ಸದರಿ ಎಚ್ಚರಿಕೆಯನ್ನು ಓದಿ ಹೇಳುತ್ತಿದ್ದವರು ಅರ್ಧಕ್ಕೆ ನಿಲ್ಲಿಸಿ, ಕಾಗದ ಮಡಚಿ, ಪುತುಲ್ ಹೇಗಿದ್ದಾಳೆಂದು ಕೇಳಿದರು. ಉಳಿದರ್ಧವನ್ನು ರದ್ದುಪಡಿಸಲಾಗಿದೆ.

ಇದನ್ನು ಓದಿದವರು ಓದಿದ್ದೇವೆಂದು ಸಹಿ ಹಾಕಿ, ಕೈ ತೊಳೆಯದೆ ಹಿಂದಿರುಗಿಸುವುದು.

ಸಹಿ/-
(ಬಿಮಲೇಂದು ಪತ್ರನಬೀಶ್)
ವಿಸ್ತರಣಾಧಿಕಾರಿ (ಸದರಿ)
ಮಹುಲಡಿಹಾ ಬ್ಲಾಕ್

ಪ್ರತಿಗಳು:

೧. ಮೇಲಿನ ಕಚೇರಿಗೆ: ಮೂಢನಂಬಿಕೆ ಮಾರ್ಚ್ ಅಂತ್ಯದೊಳಗೆ ತೊಲಗುವ ಲಕ್ಷಣಗಳಿಲ್ಲ, ಗಡುವು ವಿಸ್ತರಿಸಲು ಕೋರಿಕೆ.

೨. ಮೀನುಗಾರಿಕೆ ವಿಭಾಗಕ್ಕೆ: ಧೈರ್ಯವಂತರನ್ನು ಬರಮಾಡಿಕೊಳ್ಳುವ ಸಲುವಾಗಿ.

೩. ಶ್ರೀ ಫಟಿಕ ಓಝಾರಿಗೆ: ಇನ್ನೊಬ್ಬ ಬಸುರಿಯ ಕೈಗೆ ರಸ ಸವರಿದ್ದು ಕಂಡುಬಂದಲ್ಲಿ ಪೊಲೀಸರಿಗೆ ತಿಳಿಸಲಾಗುವುದು. ಕಳುಹಿಸಿದ ಪಪ್ಪಾಯಿಗಳು ತಲುಪಿವೆ.

೪. ಶ್ರೀಮತಿ ಸೌದಾಮಿನಿ ಲಾಯೇಕ್‌ರಿಗೆ: ಸದರಿ ಅಧಿಕಾರಿಗೆ ಏನೂ ಆಗಿಲ್ಲವೆಂದು ನಾಲ್ಕನೆಯ ಬಾರಿ ಲಿಖಿತವಾಗಿ ತಿಳಿಸಲಾಗಿದೆ. ಕಬ್ಬಿನ ಹಾಲು ತರುವುದನ್ನು ದಯವಿಟ್ಟು ನಿಲ್ಲಿಸುವುದು.

೫. ಶ್ರೀಮತಿ ಪುತುಲ್ ಲಾಯೇಕ್‌ರಿಗೆ, ಹೆರಿಗೆ ವಾರ್ಡು, ಜಿಲ್ಲಾ ಆಸ್ಪತ್ರೆ: ಓದುವ ಅಗತ್ಯವಿಲ್ಲ. ಉತ್ತರಿಸುವ ಅಗತ್ಯವೂ ಇಲ್ಲ. ನೀವು ಇದ್ದರೆ ಸಾಕು.