ಕ್ಷಮೆ ಕೇಳಿದ ತ್ರಾವೊರೆ

ಸಿರಿಮಾನ್ ತ್ರಾವೊರೆ ಆ ಗುರುವಾರ ಬೆಳಿಗ್ಗೆ ಮಾಡಿದ ತಪ್ಪು ಒಂದೇ. ಕ್ಷಮೆ ಕೇಳಿದ್ದು.

ಮಾಲಿ ದೇಶದ ಬಾಕೊರೊ ಊರಿನ ಕಚೇರಿಯ ಕಿಟಕಿಯ ಮುಂದೆ ಎಂಟು ಗಂಟೆಗೇ ಸಾಲು ಬೆಳೆದಿತ್ತು. ಕಿಟಕಿಯ ಒಳಗೆ ಮೂವತ್ತು ವರ್ಷದಿಂದ ಒಂದೇ ಕುರ್ಚಿಯನ್ನು ಸವೆಸಿದ ಫಾಮೊರಿ ಜಾರಾ ಕೂತಿದ್ದ. ಕನ್ನಡಕಕ್ಕೆ ದಾರ, ಕುತ್ತಿಗೆಗೆ ಮುದ್ರೆಪೆಟ್ಟಿಗೆಯ ಕೀಲಿಕೈ. ಸಿರಿಮಾನ್ ತನ್ನ ಕಾಗದಗಳನ್ನು ಒಳಗೆ ತಳ್ಳಿದ.

"ಹೆಸರು?"

"ಸಿರಿಮಾನ್, ಸಾರ್."

"ಅದನ್ನ ಯಾವನು ಕೇಳ್ದ? ಕುಲದ ಹೆಸರು ಹೇಳು."

"ತ್ರಾವೊರೆ, ಸಾರ್."

ಫಾಮೊರಿ ಪೆನ್ನು ಕೆಳಗಿಟ್ಟ. ಮುಖದಲ್ಲಿ ನಗುವಿನ ಸುಳಿವಿಲ್ಲ.

"ತ್ರಾವೊರೆನಾ! ಅದಕ್ಕೇ ಆಗಿಂದ ಅಲಸಂದೆ ಬೇಯಿಸಿದ ವಾಸನೆ ಹೊಡೀತಿದೆ. ಲೇ ಅಲಸಂದೆಬಾಕ, ನಿಮ್ಮಜ್ಜ ನಮ್ಮಜ್ಜನ ಮನೇಲಿ ಕತ್ತೆ ಕಾಯ್ಕೊಂಡಿದ್ದ. ನಿನಗ್ಯಾಕೋ ಪೌರತ್ವ ಪತ್ರ? ಕತ್ತೆ ಕರ್ಕೊಂಡ್ ಬಾ, ಅದಕ್ಕೆ ಬರ್ಕೊಡ್ತೀನಿ."

ಸಾಲಿನಲ್ಲಿದ್ದವರು ಮೈಯೆಲ್ಲ ಕಿವಿಯಾಗಿ ಕಾದರು. ಜಾರಾನೊಬ್ಬ ಹೀಗೆ ಶುರು ಮಾಡಿದ ಮೇಲೆ ತ್ರಾವೊರೆಯಾದವನು ಇದರ ಎರಡರಷ್ಟು ತಿರುಗಿಸಿ ಕೊಡಬೇಕು. ಬೆಳಗಿನ ಬೇಸರಕ್ಕೆ ಅದಕ್ಕಿಂತ ಒಳ್ಳೆಯ ಔಷಧ ಬೇರೆ ಇಲ್ಲ.

ಸಿರಿಮಾನ್ ಎದೆಯ ಮೇಲೆ ಕೈಯಿಟ್ಟು ತಲೆ ಬಾಗಿಸಿದ. "ಕ್ಷಮಿಸಿ ಸಾರ್. ನಮ್ಮಜ್ಜನಿಂದ ತಮ್ಮ ಕತ್ತೆಗೆ ಏನಾದ್ರೂ ತೊಂದರೆ ಆಗಿದ್ರೆ ಅವರ ಪರವಾಗಿ ನಾನು ಕ್ಷಮೆ ಕೇಳ್ತೀನಿ. ಬೆಳಿಗ್ಗೆ ನಾನು ತಿಂದದ್ದು ಬರೀ ಬ್ರೆಡ್ಡು."

ಕಚೇರಿಯ ಫ್ಯಾನು ಕೂಡ ಒಂದು ಸುತ್ತು ತಪ್ಪಿಸಿದಂತಾಯಿತು. ಬಾಗಿಲಲ್ಲಿದ್ದ ಕಾವಲುಗಾರ ಅಡಿಕೆಯಂತೆ ಜಗಿಯುತ್ತಿದ್ದ ಕೋಲಾ ಕಾಯಿಯನ್ನು ಬಾಯಿಂದ ತೆಗೆದು ಕೈಯಲ್ಲಿ ಹಿಡಿದುಕೊಂಡ.

ಫಾಮೊರಿ ಕನ್ನಡಕ ಏರಿಸಿ ಕಾಗದ ನೋಡಿದ, ಮುಖ ನೋಡಿದ, ಮತ್ತೆ ಕಾಗದ ನೋಡಿದ. "ಜಾರಾನ ಹತ್ರ ಕ್ಷಮೆ ಕೇಳೋ ತ್ರಾವೊರೇನ ನಾನು ಹುಟ್ಟಿದಾಗಿಂದ ಕಂಡಿಲ್ಲ. ನೀನು ತ್ರಾವೊರೆ ಅಲ್ಲ ಕಣಯ್ಯ. ಯಾವುದೋ ದೇಶದಿಂದ ಬಂದು ಹೆಸರು ಕದ್ದಿದೀಯ. ನಿಮ್ಮಜ್ಜನ್ನ ಕಂಡಿದ್ದ ಇಬ್ಬರು ಸಾಕ್ಷಿ ತಗೊಂಡ್ ಬಾ. ಮಧ್ಯಾಹ್ನ ನಾನಿರಲ್ಲ, ಮದುವೆಗೆ ಹೋಗ್ಬೇಕು. ರಾಜಧಾನಿಯಿಂದ ಹೊಸಬ ಬಂದಿದ್ದಾನೆ, ಅವನೂ ಜಾರಾನೇ. ಅವನ್ನ ನೋಡು. ಮುಂದಿನೋರು ಬನ್ನಿ!"

ಸಿರಿಮಾನನ ಕತೆ ಇಷ್ಟು. ಅಪ್ಪ ರಾಯಭಾರ ಕಚೇರಿಯ ಕಾರು ಓಡಿಸುತ್ತಿದ್ದ. ಸಾಹೇಬರು ಹೋದಲ್ಲಿಗೆ ಕಾರು, ಕಾರು ಹೋದಲ್ಲಿಗೆ ಅಪ್ಪ, ಅಪ್ಪ ಹೋದಲ್ಲಿಗೆ ಸಂಸಾರ. ಹೀಗಾಗಿ ಹುಡುಗ ಹುಟ್ಟಿದ್ದು ಡಕಾರ್‌ನಲ್ಲಿ, ಹಾಲುಹಲ್ಲು ಉದುರಿದ್ದು ಆಡಿಸ್ ಅಬಾಬದಲ್ಲಿ, ಮಗ್ಗಿ ಕಲಿತದ್ದು ಹವಾನಾದಲ್ಲಿ, ಮೀಸೆ ಚಿಗುರಿದ್ದು ಕೈರೋದಲ್ಲಿ. ಪ್ರತಿ ಊರಿನಲ್ಲೂ ಮೊದಲ ದಿನ ಶಾಲೆಗೆ ಕಳಿಸುವಾಗ ಅವ್ವ ಒಂದೇ ಮಾತು ಹೇಳುತ್ತಿದ್ದಳು: "ಇದು ಬೇರೆಯವರ ನೆಲ. ತಪ್ಪು ಯಾರದೇ ಇರ್ಲಿ, ಮೊದ್ಲು ನೀನು ಕ್ಷಮೆ ಕೇಳು." ಹುಡುಗ ಚೆನ್ನಾಗಿ ಕಲಿತ. ನಾಲ್ಕು ದೇಶದ ಭಾಷೆಯಲ್ಲಿ ಕ್ಷಮೆ ಕೇಳಬಲ್ಲವನಾದ.

ಈಗ ಇಪ್ಪತ್ತಾರು ವರ್ಷ. ಸ್ವಂತ ದೇಶ ಮಾಲಿಗೆ ಬಂದು ಬಾಕೊರೊದಲ್ಲಿ ಸೋದರತ್ತೆ ತೆನೆಂಬಾಳ ಮನೆಯಲ್ಲಿ ನಾಲ್ಕು ತಿಂಗಳಿಂದ ಇದ್ದಾನೆ. ಅಂಗಳದಲ್ಲಿ ಒಂದು ಮಾವಿನ ಗಿಡ ನೆಟ್ಟಿದ್ದಾನೆ. ಅದರ ಹಣ್ಣು ತಿನ್ನುವ ತನಕ ಇದೇ ಊರಿನಲ್ಲಿ ಇರಬೇಕು ಎಂಬುದೊಂದೇ ಅವನ ಆಸೆ. ಇಲ್ಲಿಯ ಶಾಲೆಯಲ್ಲಿ ಮೇಷ್ಟ್ರ ಕೆಲಸ ಖಾಲಿ ಇತ್ತು. ಅರ್ಜಿಯ ಜೊತೆ ಪೌರತ್ವ ಪತ್ರ ಕೊಡಬೇಕು, ಶುಕ್ರವಾರ ಮಧ್ಯಾಹ್ನಕ್ಕೆ ಗಡುವು. ಅಂದರೆ ನಾಳೆ.

ಮನೆಗೆ ಬಂದು ನಡೆದದ್ದನ್ನು ಹೇಳಿದಾಗ ತೆನೆಂಬಾ ಸಜ್ಜೆ ಕುಟ್ಟುತ್ತಿದ್ದ ಒನಕೆಯನ್ನು ಒರಳಲ್ಲೇ ಬಿಟ್ಟು ತಲೆ ಚಚ್ಚಿಕೊಂಡಳು.

"ಜಾರಾನಿಗೆ ಕ್ಷಮೆ ಕೇಳಿದ್ಯಾ! ನಮ್ಮ ಮನೆತನದ ಮೂಗು ಕೊಯ್ದೆಯಲ್ಲೋ! ನಿಮ್ಮಪ್ಪ ನಿನಗೆ ಕಾರಿನ ಗೇರು ಒಂದು ಬಿಟ್ಟು ಏನೂ ಕಲಿಸ್ಲಿಲ್ವಾ?"

"ಅವರೇ ಬೈದ್ರು ಅತ್ತೆ. ನಾನು ಜಗಳ ಯಾಕೆ ಅಂತ..."

"ಅದು ಜಗಳ ಅಲ್ವೋ ಪೆದ್ದ, ನೆಂಟಸ್ತನ! ತ್ರಾವೊರೆಗೂ ಜಾರಾಗೂ ಅಜ್ಜಂದಿರ ಅಜ್ಜನ ಕಾಲದಿಂದ ಬೈಗುಳದ ನಂಟು. ಕಂಡಲ್ಲಿ ಅಲಸಂದೆಬಾಕ ಅಂತ ಬೈಬೇಕು, ಬೈಸ್ಕೋಬೇಕು. ಸಿಟ್ಟು ಮಾತ್ರ ಮಾಡ್ಕೋಬಾರ್ದು. ಎದೆ ಹಾಲು ಬಿಡೋಕೆ ಮುಂಚೆ ಮಕ್ಕಳಿಗೆ ಬರುತ್ತೆ ಇದು!"

ಒನಕೆ ನಿಂತ ಸದ್ದಿಗೇ ಬೀದಿ ಓಡಿ ಬಂದಿತ್ತು. ಎದುರುಗಡೆ ಬೇವಿನ ಮರದಡಿ ದಿನವೆಲ್ಲ ಚಹಾ ಕುದಿಸುತ್ತ ಕೂರುವ ಗುಂಪಿಗೆ ದರ್ಜಿ ಝುಮಾನನೇ ಯಜಮಾನ. ಹೊಲಿಯುವುದಕ್ಕಿಂತ ಹೆಚ್ಚು ಮಾತಾಡುವವನು. ಅವನ ತಾಯಿ ಜಾರಾ ಮನೆತನದವಳು.

"ಅಕ್ಕಾ, ಹುಡುಗನ್ನ ನನಗೆ ಬಿಡು," ಎಂದ ಝುಮಾನ. "ಮೂರನೇ ಸುತ್ತಿನ ಚಹಾ ಆಗೋದ್ರೊಳಗೆ ಇವನ ಬಾಯಲ್ಲಿ ಬೆಂಕಿ ಬರಿಸ್ತೀನಿ."

"ಹಾಗೇ ಮಾಡಪ್ಪ. ಸಾಕ್ಷಿಗೆ ನಾನೊಬ್ಬಳು ಆಯ್ತು. ಇನ್ನೊಬ್ಬರು ಮಾಮುತು ಅಣ್ಣ. ಕರ್ಕೊಂಡು ಬರೋಕೆ ಹೇಳಿ ಕಳಿಸ್ತೀನಿ," ಎಂದು ತೆನೆಂಬಾ ಒಳಗೆ ಹೋದಳು.

ಮರದಡಿ ಪಾಠ ಶುರುವಾಯಿತು. ಮೊದಲ ಸುತ್ತಿನ ಚಹಾ ಕಹಿಯಾಗಿತ್ತು, ಶಿಷ್ಯ ಅದಕ್ಕಿಂತ ಸಪ್ಪೆ.

"ನನ್ನನ್ನ ಬೈ," ಎಂದ ಝುಮಾನ.

"ನೀವು... ಸ್ವಲ್ಪ ಜಾಸ್ತಿ ಅಲಸಂದೆ ತಿಂತೀರಿ ಅನ್ಸುತ್ತೆ."

"ಥೂ! ಇದೇನು ಬೈಗುಳವೋ, ಡಾಕ್ಟರ ಚೀಟಿಯೋ! ಜಾರಾಗಳನ್ನ ಬೈಯೋವಾಗ 'ನೀವು' ಅಂತಾರಾ? ಹೊಟ್ಟೆಯಿಂದ ಬರ್ಲಿ!"

ಎರಡನೇ ಸುತ್ತಿಗೆ ಸಿರಿಮಾನನ ಕೊರಳು ಬಿಸಿಯಾಯಿತು. ಇಷ್ಟು ವರ್ಷ ಕ್ಷಮೆಯಡಿ ಹೂತಿಟ್ಟದ್ದೆಲ್ಲ ಹೊರಗೆ ಬರತೊಡಗಿತು. ಆಡಿಸ್‌ನಲ್ಲಿ ಚೆಂಡು ಕಸಿದವನು, ಹವಾನಾದಲ್ಲಿ ಬೆಂಚಿನಿಂದ ತಳ್ಳಿದವನು, ಎಲ್ಲರ ಪಾಲಿನ ಬೈಗುಳವೂ ಝುಮಾನನ ತಲೆಯ ಮೇಲೆ ಬಿತ್ತು. ಗುಂಪು ತೊಡೆ ತಟ್ಟಿ ಕುಣಿಯಿತು. ಝುಮಾನ ಒಬ್ಬೊಬ್ಬರನ್ನೇ ಎದುರಿಗೆ ನಿಲ್ಲಿಸಿ "ಇವನೂ ಜಾರಾ, ಹಾಕು!" ಎನ್ನುವುದು, ಸಿರಿಮಾನ್ ಹಾಕುವುದು.

ಅಷ್ಟರಲ್ಲಿ ಬಿಳಿಯ ನಿಲುವಂಗಿಯ ಮುದುಕರೊಬ್ಬರು ಕೋಲೂರಿಕೊಂಡು ಬಂದು ಸಿರಿಮಾನನ ಮುಂದೆ ನಿಂತರು. ಇವರೂ ಪಾಠಕ್ಕೆ ಬಂದವರೇ ಎಂದುಕೊಂಡ ಸಿರಿಮಾನ್ ಸೊಂಟಕ್ಕೆ ಕೈಕೊಟ್ಟು ಶುರು ಮಾಡಿಯೇಬಿಟ್ಟ.

"ಬಂದ ನೋಡು ಇನ್ನೊಬ್ಬ! ಏಯ್ ಮುದಿ ಅಲಸಂದೆಬಾಕ! ನೀನು ನಡೆದು ಬರ್ತಿದ್ರೆ ಹಿಂದೆ ಬರೋರು ಮೂಗು ಮುಚ್ಕೋತಾರಂತಲ್ಲೋ! ನಮ್ಮ ಕತ್ತೆ ಕಾಯೋದು ಬಿಟ್ಟು ಇಲ್ಲೇನು ಕೆಲ್ಸ ನಿನಗೆ?"

ಯಾರೂ ನಗಲಿಲ್ಲ. ಝುಮಾನ ಚಹಾದ ಕೆಟಲಿನ ಹಿಂದೆ ಮುಖ ಮರೆಸಿಕೊಳ್ಳಲು ನೋಡಿದ. ಕೆಟಲು ಮುಷ್ಟಿಯಷ್ಟಿತ್ತು.

"ನಾನು ಮಾಮುತು ತ್ರಾವೊರೆ," ಎಂದರು ಮುದುಕರು ನಿಧಾನವಾಗಿ. "ನಿಮ್ಮಪ್ಪನ ದೊಡ್ಡಪ್ಪನ ಮಗ. ನಿನಗೆ ದೊಡ್ಡಪ್ಪ. ಸಾಕ್ಷಿ ಹೇಳೋಕೆ ಬಂದಿದ್ದೆ."

"ದೊಡ್ಡಪ್ಪ, ಕ್ಷಮಿಸಿ, ನಾನು..."

"ಸ್ವಂತ ಕುಲದ ಹಿರಿಯನಿಗೆ ಅಲಸಂದೆಬಾಕ ಅನ್ನೋನು ತ್ರಾವೊರೆ ಅಂತ ನಾನು ಸಾಕ್ಷಿ ಹೇಳ್ಬೇಕಾ? ಸಾಯೋ ತನಕ ಇಲ್ಲ."

ಮುದುಕರು ಬಂದ ದಾರಿಯಲ್ಲೇ ತಿರುಗಿದರು. ತೆನೆಂಬಾ ಒಂದು ಕಾಲಿಗೆ ಚಪ್ಪಲಿ, ಇನ್ನೊಂದು ಚಪ್ಪಲಿ ಕೈಯಲ್ಲಿ, "ಅಣ್ಣಾ! ಮಾಮುತಣ್ಣಾ!" ಎಂದು ಹಿಂದೆ ಓಡಿದಳು. ಹೀಗೆ ಒಂದೇ ಏಟಿಗೆ ಎರಡೂ ಸಾಕ್ಷಿಗಳು ಬೀದಿಯ ತಿರುವಿನಲ್ಲಿ ಮರೆಯಾದರು.

"ಮೊದ್ಲು ಕುಲದ ಹೆಸರು ಕೇಳ್ಬೇಕು ಕಣೋ," ಎಂದ ಝುಮಾನ. "ಅದನ್ನ ಹೇಳೋದು ಮರ್ತೆ."

ಗಂಟೆ ಮೂರಾಗಿತ್ತು. ಸಾಕ್ಷಿಗಳಿಲ್ಲದಿದ್ದರೂ ಬಾಯಿದೆಯಲ್ಲ ಎಂದು ಧೈರ್ಯ ಮಾಡಿ ಸಿರಿಮಾನ್ ಒಬ್ಬನೇ ಕಚೇರಿಗೆ ನಡೆದ. ಬೆಳಗಿನ ವಿಷಯ ಊರೆಲ್ಲ ಹಬ್ಬಿದ್ದರಿಂದ ಕೆಲಸವಿಲ್ಲದವರೂ ಸಾಲಿನಲ್ಲಿ ನಿಂತಿದ್ದರು. ಕಿಟಕಿಯ ಒಳಗೆ ಇಸ್ತ್ರಿ ಮುರಿಯದ ಅಂಗಿಯ ತರುಣನೊಬ್ಬ ಕೂತಿದ್ದ.

ಈ ಸಲ ತಪ್ಪಬಾರದು. "ನಿನ್ನ ಕುಲದ ಹೆಸರು?" ಎಂದ ಸಿರಿಮಾನ್, ತಾನೇ ಅಧಿಕಾರಿ ಎಂಬಂತೆ.

"ಜಾರಾ. ಲಾಸಿನಾ ಜಾರಾ. ತಮಗೆ ಏನಾಗಬೇಕಿತ್ತು?"

ಸಿರಿಮಾನ್ ಉಸಿರು ಎಳೆದುಕೊಂಡ.

"ನನಗೇನಾಗ್ಬೇಕಾ? ಏಯ್ ಅಲಸಂದೆ ಮೂಟೆ! ಕುರ್ಚಿ ಮೇಲೆ ಕೂತ್ರೆ ಮನುಷ್ಯ ಆಗ್ಬಿಡ್ತೀಯಾ? ನಿಮ್ಮ ಕುಲಕ್ಕೆ ಕುರ್ಚಿ ಅಂದ್ರೆ ಏನು ಅಂತ ತೋರ್ಸಿದ್ದೇ ನಾವು ತ್ರಾವೊರೆಗಳು! ನಿಮ್ಮಜ್ಜ ನಮ್ಮಂಗಳ ಗುಡಿಸ್ತಿದ್ದ, ಅದನ್ನೂ ನೆಟ್ಟಗೆ ಗುಡಿಸ್ತಿರ್ಲಿಲ್ಲ! ಮುದ್ರೆ ಹಾಕೋ, ಕತ್ತೆ ಕಳ್ಳ!"

ಸಾಲಿನವರು ಹೋ ಎಂದು ಚಪ್ಪಾಳೆ ತಟ್ಟಿದರು. ಕಾವಲುಗಾರ ಕಣ್ಣೊರೆಸಿಕೊಂಡ. ಸಿರಿಮಾನನಿಗೆ ಹುಟ್ಟಿದ ಮೇಲೆ ಮೊದಲ ಸಲ ತಾನು ಒಂದು ಊರಿನವನು ಅನ್ನಿಸಿತು. ಎದೆ ಉಬ್ಬಿಸಿ ಉತ್ತರಕ್ಕೆ ಕಾದ.

ಲಾಸಿನಾ ಮೆಲ್ಲಗೆ ಎದ್ದು ನಿಂತ. ಎದೆಯ ಮೇಲೆ ಕೈಯಿಟ್ಟು ತಲೆ ಬಾಗಿಸಿದ.

"ಕ್ಷಮಿಸಿ. ನಮ್ಮಜ್ಜ ಅಂಗಳ ಸರಿಯಾಗಿ ಗುಡಿಸಿಲ್ಲ ಅಂದ್ರೆ ಅವರ ಪರವಾಗಿ ನಾನು ಕ್ಷಮೆ ಕೇಳ್ತೀನಿ."

ಸಿರಿಮಾನ್ ತಬ್ಬಿಬ್ಬಾದ. ಅವನ ಬಾಯಿಂದ ತಾನಾಗಿ ಹೊರಬಿದ್ದ ಮಾತು ಇದು: "ತ್ರಾವೊರೆ ಹತ್ರ ಕ್ಷಮೆ ಕೇಳೋ ಜಾರಾನಾ? ನೀನು ಜಾರಾನೇ ಅಲ್ಲ! ಯಾವುದೋ ದೇಶದಿಂದ ಬಂದು ಹೆಸರು ಕದ್ದಿದೀಯ!"

ಲಾಸಿನಾ ಮತ್ತೆ ಕುರ್ಚಿಯಲ್ಲಿ ಕೂತ. "ಇಲ್ಲೂ ಅದೇ ಮಾತಾ?" ಎಂದ. "ಅಪ್ಪ ರಾಯಭಾರ ಕಚೇರೀಲಿ ಅಡುಗೆ ಮಾಡ್ತಿದ್ರು. ಹನ್ನೆರಡು ವರ್ಷದಲ್ಲಿ ಐದು ದೇಶ. ಎಲ್ಲಾ ಶಾಲೇಲೂ 'ನೀನು ಇಲ್ಲಿಯವನಲ್ಲ' ಅಂದ್ರು. ನಮ್ಮೂರಿಗೆ ಹೋದ್ರೆ ಯಾರೂ ಹಾಗನ್ನಲ್ಲ ಅಂತ ಅವ್ವ ಹೇಳಿದ್ಲು."

ಸಿರಿಮಾನನಿಗೆ ಯಾರೋ ಮುಖಕ್ಕೆ ಕನ್ನಡಿ ಹಿಡಿದಂತಾಯಿತು. ಕಲಿತ ಪಾಠವೆಲ್ಲ ಒಂದೇ ಸಲಕ್ಕೆ ಇಳಿದುಹೋಯಿತು. "ಅಯ್ಯೋ ಕ್ಷಮಿಸಿ ಸಾರ್, ತಪ್ಪಾಯ್ತು."

"ಇಲ್ಲ ಇಲ್ಲ, ನೀವು ಕ್ಷಮಿಸಿ. ತಪ್ಪು ನನ್ನದೇ."

"ಛೆ, ಖಂಡಿತ ನಂದು. ದಯವಿಟ್ಟು ಕ್ಷಮಿಸಿ."

ಅದೇ ಹೊತ್ತಿಗೆ ಮದುವೆಮನೆಯಿಂದ ಫಾಮೊರಿ ಬಂದ. ಕನ್ನಡಕ ಕಚೇರಿಯಲ್ಲೇ ಮರೆತಿದ್ದನಂತೆ, ಮದುಮಗಳ ಬದಲು ಅವಳ ಅಜ್ಜಿಗೆ ಶುಭ ಕೋರಿ ಬೈಸಿಕೊಂಡಿದ್ದ. ಬಾಗಿಲಲ್ಲೇ ಅವನ ಕಾಲು ಕಟ್ಟಿತು. ಮೂವತ್ತು ವರ್ಷದ ತನ್ನ ಕಿಟಕಿಯ ಆಚೆ ಈಚೆ ಒಬ್ಬ ಜಾರಾ ಮತ್ತು ಒಬ್ಬ ತ್ರಾವೊರೆ ಪರಸ್ಪರ ತಲೆ ಬಾಗಿಸಿ ಕ್ಷಮೆ ಕೇಳಿಕೊಳ್ಳುತ್ತಿದ್ದಾರೆ!

"ನನ್ನ ಕಚೇರಿ ಕೆಟ್ಟುಹೋಯ್ತು!" ಎಂದು ಕೂಗಿದ. "ಇಬ್ಬರೂ ಸುಳ್ಳು! ಲಾಸಿನಾ, ಏಳು ಮೇಲೆ. ನಾಳೆಯಿಂದ ಮುದ್ರೆಪೆಟ್ಟಿಗೆಯ ಈ ಕೀಲಿಕೈ ನಿನಗೆ ಕೊಡ್ಬೇಕು ಅಂತಿದ್ದೆ. ನೀನು ಜಾರಾ ಅಂತ ಊರಿನ ಹಿರಿಯ ತ್ರಾವೊರೆ ಒಬ್ಬ ಸಾಕ್ಷಿ ಹೇಳೋ ತನಕ ಕೊಡಲ್ಲ. ನಡೀರಿ ಇಬ್ಬರೂ ಬೇವಿನ ಮರದಡಿಗೆ. ಶಾಲೆಗೆ ಸೇರ್ಕೊಳ್ಳಿ!"

ಸಂಜೆ ಬಿಸಿಲು ಇಳಿದಿತ್ತು. ಮರದಡಿ ಝುಮಾನನ ಮುಂದೆ ಇಬ್ಬರು ಶಿಷ್ಯರು ಒಂದೇ ಚಾಪೆಯ ಮೇಲೆ ಕೂತಿದ್ದರು, ಪಕ್ಕದಲ್ಲಿ ಪರೀಕ್ಷಕನಂತೆ ಫಾಮೊರಿ. ಲಾಸಿನಾನೂ ಎರಡು ವರ್ಷ ಹವಾನಾದಲ್ಲಿ ಓದಿದವನೆಂದು ತಿಳಿದು ಸಿರಿಮಾನನಿಗೆ ಹೊಟ್ಟೆ ತುಂಬಿದಷ್ಟು ಖುಷಿಯಾಗಿತ್ತು. ಅಲ್ಲಿಯ ಐಸ್‌ಕ್ರೀಮಿನ ಸುದ್ದಿ ಅರ್ಧಕ್ಕೆ ಬಂದಾಗ ತೆನೆಂಬಾ ಮಾಮುತು ದೊಡ್ಡಪ್ಪನ ತೋಳು ಹಿಡಿದು ಕರೆತಂದಳು. ಸಜ್ಜೆ ಮುದ್ದೆ, ಬೆಂಡೆಕಾಯಿ ಸಾರು ಬಡಿಸಿ ಅರ್ಧ ಮೆತ್ತಗೆ ಮಾಡಿದ್ದಳು.

ಸಿರಿಮಾನ್ ಎದ್ದು ಕ್ಷಮೆ ಕೇಳುವ ಮೊದಲೇ ಲಾಸಿನಾ ಮುಂದೆ ಬಂದ. ಓದಿದ ಹುಡುಗ, ಪಾಠದ ಕ್ರಮ ತಪ್ಪಿಸಲಿಲ್ಲ.

"ಕುಲದ ಹೆಸರು?"

"ತ್ರಾವೊರೆ," ಎಂದರು ಮುದುಕರು ಗುರ್ ಎಂದು.

ಲಾಸಿನಾ ಕಣ್ಣು ಮುಚ್ಚಿಕೊಂಡ. ಮಧ್ಯಾಹ್ನ ಸಿರಿಮಾನ್ ಅಂದದ್ದನ್ನು ಝುಮಾನ ಹೇಳಿಕೊಟ್ಟಿದ್ದ. ಒಂದಕ್ಷರ ಬಿಡದೆ ಒಪ್ಪಿಸಿದ.

"ಏಯ್ ಮುದಿ ಅಲಸಂದೆಬಾಕ! ನೀನು ನಡೆದು ಬರ್ತಿದ್ರೆ ಹಿಂದೆ ಬರೋರು ಮೂಗು ಮುಚ್ಕೋತಾರಂತಲ್ಲೋ! ನಮ್ಮ ಕತ್ತೆ ಕಾಯೋದು ಬಿಟ್ಟು ಇಲ್ಲೇನು ಕೆಲ್ಸ ನಿನಗೆ?"

ಮಾಮುತು ದೊಡ್ಡಪ್ಪ ಕೋಲು ಬಿಸುಟು ಬಿದ್ದು ಬಿದ್ದು ನಕ್ಕರು. ಕಣ್ಣಲ್ಲಿ ನೀರು ಬಂತು. ಲಾಸಿನಾನನ್ನು ಬಾಚಿ ತಬ್ಬಿಕೊಂಡರು. "ಇವನು ಜಾರಾ! ಅಪ್ಪಟ ಜಾರಾ! ಇಂಥ ಕೊಳಕು ಬಾಯಿ ಬೇರೆ ಕುಲದಲ್ಲಿ ಹುಟ್ಟಲ್ಲ! ಎಲ್ಲಿ ಸಹಿ ಹಾಕ್ಬೇಕು, ಕೊಡ್ರೋ!"

ಫಾಮೊರಿ ಅಲ್ಲೇ ಸಹಿ ಹಾಕಿಸಿಕೊಂಡು, ಕೀಲಿಕೈ ತೆಗೆದು ಲಾಸಿನಾನ ಕೊರಳಿಗೆ ಹಾಕಿದ. ಗುಂಪು ಮದುವೆಮನೆಯವರಿಗಿಂತ ಜೋರಾಗಿ ಕೂಗಿತು.

"ದೊಡ್ಡಪ್ಪ," ಎಂದ ಸಿರಿಮಾನ್ ಆಸೆಯಿಂದ, "ಹಾಗಾದ್ರೆ ನನಗೂ ಒಂದು ಸಹಿ..."

ಮುದುಕರ ನಗು ನಿಂತಿತು. "ನಿನಗಾ? ದೊಡ್ಡಪ್ಪನಿಗೆ ಅದೇ ಮಾತು ಅಂದೋನಿಗಾ?"

ಸಿರಿಮಾನ್ ಅತ್ತೆಯ ಕಡೆ ನೋಡಿದ, ಅತ್ತೆ ಮಾವಿನ ಗಿಡದ ಕಡೆ ನೋಡಿದಳು. ಕೊನೆಗೆ ಅವನು ಹೊಸ ಗೆಳೆಯನ ಕಡೆ ತಿರುಗಿದ. ಇನ್ನು ಮುದ್ರೆ ಇವನ ಕೈಯಲ್ಲೇ ಅಲ್ಲವೇ? ಜೊತೆಗೆ ಒಂದೇ ಚಾಪೆಯಲ್ಲಿ ಕೂತು ಕಲಿತವರು.

"ಲಾಸಿನಾ, ನಾಳೆ ಬೆಳಿಗ್ಗೆ ನನ್ನ ಪತ್ರಕ್ಕೆ ನೀನೇ..."

ಲಾಸಿನಾ ಕೊರಳಿನ ಕೀಲಿಕೈ ನೇರ ಮಾಡಿಕೊಂಡ. ಮುಖದಲ್ಲಿ ನಗುವಿನ ಸುಳಿವಿಲ್ಲ. "ಕುಲದ ಹೆಸರು?"

"ತ್ರಾವೊರೆ."

"ಲೇ ಅಲಸಂದೆಬಾಕ, ಇಬ್ಬರು ಸಾಕ್ಷಿ ತಗೊಂಡ್ ಬಾ!"

ಇಡೀ ಗುಂಪು ಮುಂದಕ್ಕೆ ಬಾಗಿತು. ಝುಮಾನ ಮುಷ್ಟಿ ಬಿಗಿದು "ಹಾಕು, ಹಾಕು!" ಎಂದು ಪಿಸುಗುಟ್ಟಿದ. ಸಿರಿಮಾನ್ ಸೊಂಟಕ್ಕೆ ಕೈಕೊಟ್ಟ, ಉಸಿರು ಎಳೆದುಕೊಂಡ, ಬಾಯಿ ತೆರೆದ.

"ಕ್ಷಮಿಸಿ ಸಾರ್," ಎಂದ.